ಮೂರೂಕಾಲು ಇಂಚಿನ ಅಕ್ಷರ

ಮೊದಲು ಪುಸ್ತಕದ ಹೊರಮೈಯನ್ನು ಹೇಳಿ ಮುಗಿಸುತ್ತೇನೆ. ಇದು ನಥಾನಿಯಲ್ ಹಾಥಾರ್ನ್ ಬರೆದ 'ದಿ ಸ್ಕಾರ್ಲೆಟ್ ಲೆಟರ್' ಕಾದಂಬರಿಯ ವಿದ್ಯಾರ್ಥಿ ಆವೃತ್ತಿ. ಇಂಗ್ಲಿಷ್ ಎಂ.ಎ. ಓದುತ್ತಿರುವ ಮಗಳಿಗಾಗಿ ಮೈಸೂರಿನ ಒಂದು ಅಂಗಡಿಯಲ್ಲಿ 180 ರೂಪಾಯಿ ಕೊಟ್ಟು ತಂದೆವು. ಕಾಗದ ಎಷ್ಟು ತೆಳುವೆಂದರೆ ಹಿಂದಿನ ಪುಟದ ಸಾಲುಗಳು ಮುಂದಕ್ಕೆ ಮೂಡುತ್ತವೆ. ಅಕ್ಷರ ಸಣ್ಣದು. ಎರಡನೆಯ ವಾರಕ್ಕೇ ಬೆನ್ನಿನ ಅಂಟು ಬಿಟ್ಟು ನಡುವಿನ ಹಾಳೆಗಳು ಕೈಗೆ ಬಂದವು. ದಬ್ಬಳ ತೆಗೆದುಕೊಂಡು ದಪ್ಪ ದಾರದಿಂದ ನಾನೇ ಹೊಲಿದೆ. ಅಷ್ಟೇ ಆಗಿದ್ದರೆ ಅಗ್ಗದ ಪುಸ್ತಕದ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ.

ನಾನು ಚಾಮುಂಡಿಪುರಂನ ಮನೆಯಲ್ಲೇ ರವಿಕೆಗಳಿಗೆ ಆರಿ ಕೆಲಸ, ಅಂದರೆ ಕೊಕ್ಕೆಸೂಜಿಯ ಕಸೂತಿ, ಮಾಡಿಕೊಡುತ್ತೇನೆ. ಇಪ್ಪತ್ತು ವರ್ಷದಿಂದ ನಮ್ಮ ಮನೆಯ ಅನ್ನ ಬಂದಿರುವುದು ಇದರಿಂದಲೇ. ಮಂಡ್ಯದಲ್ಲಿ ಬಿ.ಎ. ಓದುವಾಗ ಇಂಗ್ಲಿಷನ್ನು ಐಚ್ಛಿಕವಾಗಿ ತೆಗೆದುಕೊಂಡಿದ್ದೆ, ಮದುವೆಯಾದ ಮೇಲೆ ಓದು ಕೈಬಿಟ್ಟಿತು. ಸಂಜೆ ನಾನು ಚೌಕಟ್ಟಿನ ಮುಂದೆ ಕುಳಿತಿರುವಾಗ ಮಗಳು ಎದುರಿಗೆ ಕುಳಿತು ಗಟ್ಟಿಯಾಗಿ ಓದುತ್ತಿದ್ದಳು. ಅರ್ಧ ಪುಟ ಉದ್ದದ ವಾಕ್ಯ ಬಂದರೆ ಸಿಕ್ಕು ಬಿದ್ದ ನೂಲನ್ನು ಬಿಡಿಸುವಂತೆ ಇಬ್ಬರೂ ಸೇರಿ ಬಿಡಿಸುತ್ತಿದ್ದೆವು. ಹೀಗೆ 24 ಅಧ್ಯಾಯಗಳು ಮುಗಿಯಲು ಐದು ವಾರ ಹಿಡಿಯಿತು.

ಕಥೆ ನಡೆಯುವುದು 1640ರ ದಶಕದಲ್ಲಿ, ಅಮೆರಿಕದ ಬಾಸ್ಟನ್‌ನಲ್ಲಿ. ಇಂಗ್ಲೆಂಡ್ ಬಿಟ್ಟು ಬಂದ ಪ್ಯೂರಿಟನ್ನರು ಎಂಬ ಕಟ್ಟುನಿಟ್ಟಿನ ಕ್ರೈಸ್ತರು ಕಟ್ಟಿಕೊಂಡ ಊರು ಅದು, ಅಲ್ಲಿ ಧರ್ಮದ ಕಟ್ಟಳೆಯೇ ಕಾನೂನು. ಗಂಡ ಬದುಕಿದ್ದಾನೋ ಇಲ್ಲವೋ ತಿಳಿಯದೆ ಒಬ್ಬಳೇ ಇದ್ದ ಹೆಸ್ಟರ್ ಪ್ರಿನ್ ಒಂದು ಹೆಣ್ಣುಮಗುವನ್ನು ಹೆರುತ್ತಾಳೆ. ತಂದೆ ಯಾರೆಂದು ಎಷ್ಟು ಕೇಳಿದರೂ ಬಾಯಿ ಬಿಡುವುದಿಲ್ಲ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಪೇಟೆಯ ನಡುವಿನ ಶಿಕ್ಷೆಯ ಕಟ್ಟೆಯ ಮೇಲೆ ಊರ ಮುಂದೆ ನಿಲ್ಲಬೇಕು, ಬದುಕಿರುವಷ್ಟು ಕಾಲವೂ ಎದೆಯ ಮೇಲೆ ಕೆಂಪು ಬಟ್ಟೆಯ 'ಎ' ಅಕ್ಷರವನ್ನು ಧರಿಸಬೇಕು ಎಂದು ತೀರ್ಪಾಗುತ್ತದೆ. ಹಿರಿಯರು ಕೇಳಿದ್ದು ಒಂದು ಅಕ್ಷರವನ್ನು ಮಾತ್ರ. ಅದರ ಸುತ್ತ ಚಿನ್ನದ ಎಳೆಯಲ್ಲಿ ಸುರುಳಿ ಸುರುಳಿಯಾಗಿ ಕಸೂತಿ ಬಿಡಿಸಿದ್ದು ಅವಳು.

ಅವಳನ್ನು ನೋಡಲು ಸೆರೆಮನೆಯ ಬಾಗಿಲಲ್ಲಿ ನೆರೆದ ಹೆಂಗಸರ ಮಾತುಗಳನ್ನು ಮರೆಯಲು ಆಗುವುದಿಲ್ಲ. ಹಣೆಗೆ ಕಾದ ಕಬ್ಬಿಣದಿಂದ ಬರೆ ಹಾಕಬೇಕಿತ್ತು ಎನ್ನುತ್ತಾಳೆ ಒಬ್ಬಳು. ಆ ಬೆಡಗಿನ ಅಕ್ಷರವನ್ನು ಕಿತ್ತು ಎಸೆಯಲಿ, ವಾತದ ನೋವಿಗೆ ನಾನು ಸುತ್ತಿಕೊಳ್ಳುವ ಬಟ್ಟೆಯ ಚೂರು ಕೊಡುತ್ತೇನೆ, ಅವಳಿಗೆ ಅದೇ ತಕ್ಕದ್ದು ಎನ್ನುತ್ತಾಳೆ ಇನ್ನೊಬ್ಬಳು. ಅವರಲ್ಲೆಲ್ಲ ಚಿಕ್ಕವಳು ಮಾತ್ರ, ಅವಳಿಗೆ ಕೇಳಿಸೀತು, ಸುಮ್ಮನಿರಿ, ಆ ಅಕ್ಷರದ ಒಂದೊಂದು ಹೊಲಿಗೆಯೂ ಅವಳ ಎದೆಗೆ ತಾಗಿದೆ ಎನ್ನುತ್ತಾಳೆ. ಈ ಮಾತನ್ನು ಮಗಳಿಂದ ಮೂರು ಸಲ ಓದಿಸಿದೆ.

ಇನ್ನು ಈ ಆವೃತ್ತಿಯ ದೊಡ್ಡ ತಪ್ಪಿಗೆ ಬರುತ್ತೇನೆ. ಕಾದಂಬರಿಗೆ ಲೇಖಕ ಬರೆದ 'ದಿ ಕಸ್ಟಮ್ ಹೌಸ್' ಎಂಬ ದೀರ್ಘ ಪೀಠಿಕೆ ಇದೆ. ನಮ್ಮ ಪುಸ್ತಕದಲ್ಲಿ ಅದು ಇಲ್ಲವೇ ಇಲ್ಲ. ರಕ್ಷಾಪುಟದ ಮೇಲೆ 'ಸಂಪೂರ್ಣ ಪಠ್ಯ' ಎಂದು ಅಚ್ಚು ಹಾಕಿದ್ದಾರೆ. ತರಗತಿಯಲ್ಲಿ ಮೇಷ್ಟ್ರು ಅದರ ಬಗ್ಗೆ ಪಾಠ ಮಾಡಿದಾಗಲೇ ಮಗಳಿಗೆ ಗೊತ್ತಾದದ್ದು. ಹಕ್ಕುಸ್ವಾಮ್ಯ ಮುಗಿದ ಕೃತಿಯಾದ್ದರಿಂದ ಮೊಬೈಲ್‌ನಲ್ಲಿ ಉಚಿತವಾಗಿ ಸಿಕ್ಕಿತು, ಓದಿದೆವು. ಹಾಥಾರ್ನ್ 1846ರಿಂದ 1849ರವರೆಗೆ ಅಮೆರಿಕದ ಸೇಲಂ ಊರಿನ ಸುಂಕದ ಕಟ್ಟೆಯಲ್ಲಿ ಅಧಿಕಾರಿಯಾಗಿದ್ದವರು. ಆ ಕಟ್ಟಡದ ಮಹಡಿಯಲ್ಲಿ, ಹಳೆಯ ಕಾಗದಗಳ ನಡುವೆ, ನುಸಿ ತಿಂದ ಒಂದು ಕೆಂಪು ಬಟ್ಟೆಯ ಚೂರು ಸಿಕ್ಕಿತು ಎಂದು ಅವರು ಕಥೆ ಕಟ್ಟುತ್ತಾರೆ. ಅಳೆದು ನೋಡಿದರೆ ಅಕ್ಷರದ ಒಂದೊಂದು ಕಾಲೂ ಸರಿಯಾಗಿ ಮೂರೂಕಾಲು ಇಂಚು. ಆ ಹೊಲಿಗೆ ಈಗ ಯಾರಿಗೂ ಬಾರದ ವಿದ್ಯೆ, ಎಳೆ ಎಳೆ ಬಿಚ್ಚಿದರೂ ಮರಳಿ ಕಲಿಯಲು ಆಗದು ಎಂದು ಬಲ್ಲ ಹೆಂಗಸರು ಹೇಳಿದರಂತೆ.

ಅಳತೆ ಸಿಕ್ಕ ಮೇಲೆ ನಾನು ಸುಮ್ಮನೆ ಕೂರಲಿಲ್ಲ. ರವಿಕೆ ಕತ್ತರಿಸಿ ಉಳಿದಿದ್ದ ಕೆಂಪು ರೇಷ್ಮೆಯ ತುಂಡನ್ನು ಚೌಕಟ್ಟಿಗೆ ಬಿಗಿದೆ. ಬಟರ್ ಪೇಪರಿನ ಮೇಲೆ ಮೂರೂಕಾಲು ಇಂಚಿನ ಕಾಲುಗಳ 'ಎ' ಬರೆದು, ಗೆರೆಯುದ್ದಕ್ಕೂ ಸೂಜಿಯಿಂದ ಚುಚ್ಚಿ, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿಯನ್ನು ಒರೆಸಿ ಬಟ್ಟೆಗೆ ಅಚ್ಚು ಇಳಿಸಿದೆ. ಅಂಚಿಗೆ ಜರಿಯ ಸರಪಳಿ ಹೊಲಿಗೆ. ಒಳಗೆ ಜರ್ದೋಸಿ ಎಂಬ ಹೊಳೆಯುವ ತಂತಿಯ ಸುರುಳಿಯನ್ನು ಅಕ್ಕಿಕಾಳಿನಷ್ಟು ಕತ್ತರಿಸಿ ಒಂದೊಂದನ್ನೇ ಕೂರಿಸಿದೆ. ನಾಲ್ಕು ಸಂಜೆಗಳ ಕೆಲಸವಾಯಿತು. ಎರಡು ಕಾಲುಗಳು ಮೇಲೆ ಕೂಡುವ ತುದಿ ಇದೆಯಲ್ಲ, ಕಷ್ಟ ಇರುವುದು ಅಲ್ಲಿ. ಜರಿ ಒತ್ತೊತ್ತಾಗಿ ಗಂಟಾಗುತ್ತದೆ. ಸಿಟ್ಟಿನಲ್ಲಿ ಎಳೆದರೆ ಹೊಳಪಿನ ಹೊದಿಕೆ ಬಿಚ್ಚಿಕೊಂಡು ಒಳಗಿನ ನೂಲು ಕಾಣುತ್ತದೆ. ಹೆಸ್ಟರ್ ಇದನ್ನು ಸೆರೆಮನೆಯಲ್ಲಿ, ಮಡಿಲಲ್ಲಿ ಕೂಸನ್ನು ಇಟ್ಟುಕೊಂಡು ಹೊಲಿದಿರಬೇಕು. ಹಟವಿದ್ದರೆ ಇರಲಿ, ಆದರೆ ಕೈಯಲ್ಲಿ ಸಿಟ್ಟು ಇದ್ದಿದ್ದರೆ ಆ ಕೆಲಸ ಕೂಡಿಬರುತ್ತಿರಲಿಲ್ಲ. ಇದನ್ನು ನಾನು ಕೈಯಿಂದ ತಿಳಿದು ಹೇಳುತ್ತಿದ್ದೇನೆ.

ಮುಗಿದದ್ದನ್ನು ಸೆರಗಿಗೆ ಪಿನ್ನು ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಮಗಳು ಬೀದಿಯ ಆ ತುದಿಗೆ ಹೋಗಿ ನೋಡಿದಳು. ಅಲ್ಲಿಂದ ಅಕ್ಷರ ಯಾವುದೆಂದು ತಿಳಿಯಲಿಲ್ಲವಂತೆ, ಎದೆಯ ಮೇಲೆ ಏನೋ ಹೊಳೆಯುವುದಷ್ಟೇ ಕಂಡಿತಂತೆ.

ಐದನೆಯ ಅಧ್ಯಾಯದಲ್ಲಿ ಹೆಸ್ಟರ್ ಊರ ಹೊರಗೆ, ಕಡಲಂಚಿನ ಗುಡಿಸಲಲ್ಲಿ ಇದ್ದುಕೊಂಡು ಸೂಜಿಯಿಂದ ಜೀವನ ಮಾಡುತ್ತಾಳೆ. ಅವಳನ್ನು ಕಟ್ಟೆಗೆ ಏರಿಸಿದ ಊರೇ ಅವಳ ಗಿರಾಕಿ. ಗವರ್ನರನ ಕೊರಳಪಟ್ಟಿಗೆ ಅವಳ ಕಸೂತಿ, ಸೈನಿಕರ ಪಟ್ಟಿಗೆ, ಪಾದ್ರಿಯ ಉಡುಪಿಗೆ, ಕೂಸುಗಳ ಕುಲಾವಿಗೆ, ಕೊನೆಗೆ ಹೆಣದ ಬಟ್ಟೆಗೂ ಅವಳದೇ ಕೈ. ಮದುವಣಗಿತ್ತಿಯ ಬಿಳಿ ಮುಸುಕಿಗೆ ಮಾತ್ರ ಒಮ್ಮೆಯೂ ಅವಳನ್ನು ಕರೆಯಲಿಲ್ಲ.

ಮಗಳಿಗೆ ಎರಡು ವರ್ಷವಾಗಿದ್ದಾಗ ನಾನು ಗಂಡನ ಮನೆ ಬಿಟ್ಟು ಬಂದೆ. ಕೆಲವು ವರ್ಷಗಳ ನಂತರ ಒಂದು ದೊಡ್ಡ ಮನೆಯವರು ಮಗಳ ಮದುವೆಗೆಂದು ಎರಡು ರವಿಕೆ ತಂದುಕೊಟ್ಟರು, ಆರತಕ್ಷತೆಗೆ ಒಂದು, ಧಾರೆ ಸೀರೆಯದು ಒಂದು. ಧಾರೆಯದರ ಒಂದು ತೋಳಿನ ನವಿಲು ಮುಗಿದಿತ್ತು. ಒಂದು ಮಧ್ಯಾಹ್ನ ಹುಡುಗಿಯ ತಾಯಿ ಬಂದರು. 'ತಪ್ಪು ತಿಳಿಯಬೇಡಿ ಅಕ್ಕ. ಆರತಕ್ಷತೆಯದನ್ನು ನೀವೇ ಮಾಡಿ, ನಿಮ್ಮ ಹಾಗೆ ಯಾರಿಗೂ ಬರುವುದಿಲ್ಲ. ಧಾರೆಯದು ಮಾತ್ರ ಬೇಡ ಎನ್ನುತ್ತಾರೆ ನಮ್ಮ ಅತ್ತೆ' ಎಂದರು. ನವಿಲಿನ ಕೂಲಿಯನ್ನೂ ಸೇರಿಸಿ ಪೂರ್ತಿ ಹಣ ಇಟ್ಟರು. ಬಟ್ಟೆಯನ್ನು ಚೌಕಟ್ಟಿನಿಂದ ಬಿಚ್ಚಿ, ಮಡಿಸಿ ಕೊಟ್ಟೆ. ಆಕೆಯ ಮುಖದಲ್ಲಿ ಕೆಟ್ಟತನವಿರಲಿಲ್ಲ, ನಾಚಿಕೆಯೇ ಇತ್ತು. ಈ ಸಂಗತಿಯನ್ನು ಮಗಳಿಗೆ ಹೇಳಿದ್ದು ಐದನೆಯ ಅಧ್ಯಾಯ ಓದಿದ ಸಂಜೆ. ಅವಳು ಪುಸ್ತಕ ಮುಚ್ಚಿ ಎದ್ದು ಹೋಗಿ ಕಾಫಿ ಮಾಡಿ ತಂದಳು, ಆ ದಿನ ಮುಂದೆ ಓದಲಿಲ್ಲ.

ಇಂಥ ಅಧ್ಯಾಯದ ಬಗ್ಗೆ ಪುಸ್ತಕದ ಕೊನೆಯ ಟಿಪ್ಪಣಿಯಲ್ಲಿ ಇರುವುದು ಒಂದೇ ಸಾಲು: ಹೆಸ್ಟರಳ ದುಡಿಮೆ ಮತ್ತು ಪಶ್ಚಾತ್ತಾಪ. ಟಿಪ್ಪಣಿಯಲ್ಲಿ ಸಂಕೇತಗಳದೊಂದು ಪಟ್ಟಿಯೂ ಇದೆ. 'ಎ' ಎಂದರೆ ವ್ಯಭಿಚಾರ, ಸೆರೆಮನೆ ಬಾಗಿಲಿನ ಗುಲಾಬಿ ಗಿಡ ಎಂದರೆ ನಿಸರ್ಗದ ಕರುಣೆ, ಕಾಡು ಎಂದರೆ ಸ್ವಾತಂತ್ರ್ಯ. ಮೊದಲ ಸಾಲಿಗೇ ನನ್ನ ತಕರಾರು. ವ್ಯಭಿಚಾರಕ್ಕೆ ಇಂಗ್ಲಿಷಿನಲ್ಲಿರುವ 'ಅಡಲ್ಟರಿ' ಎಂಬ ಪದವನ್ನು ಮಗಳು ಮೊಬೈಲ್‌ನ ಪಠ್ಯದಲ್ಲಿ ಹುಡುಕಿದಳು, ಇಡೀ ಕಾದಂಬರಿಯಲ್ಲಿ ಒಂದು ಸಲವೂ ಸಿಗಲಿಲ್ಲ. ಲೇಖಕ ಬೇಕೆಂದೇ ಹೇಳದೆ ಬಿಟ್ಟದ್ದನ್ನು ಪಟ್ಟಿ ಮಾಡಿದವರು ಮೊದಲ ಸಾಲಿನಲ್ಲೇ ಹೇಳಿಬಿಟ್ಟಿದ್ದಾರೆ.

ಆ ಅಕ್ಷರ ಒಂದು ಅರ್ಥದಲ್ಲಿ ನಿಲ್ಲುವುದೂ ಇಲ್ಲ. ರೋಗಿಗಳ ಬಳಿ, ಬಡವರ ಮನೆಯಲ್ಲಿ ಹೆಸ್ಟರ್ ನಿಂತದ್ದನ್ನು ಕಂಡ ಜನ ಅದು 'ಏಬಲ್', ಅಂದರೆ ಸಮರ್ಥೆ ಎನ್ನತೊಡಗುತ್ತಾರೆ. ನಡುರಾತ್ರಿ ಆಕಾಶದಲ್ಲಿ ಕೆಂಪು 'ಎ' ಮೂಡಿದಾಗ ಪಾದ್ರಿ ಡಿಮ್ಸ್‌ಡೇಲ್ ಅದರಲ್ಲಿ ತನ್ನ ಪಾಪವನ್ನು ಕಾಣುತ್ತಾನೆ. ಮಾರನೆಯ ಬೆಳಿಗ್ಗೆ ಚರ್ಚಿನ ಸೇವಕ ಅದನ್ನು 'ಏಂಜೆಲ್', ಅಂದರೆ ದೇವದೂತ ಎಂದು ಓದುತ್ತಾನೆ, ಆ ರಾತ್ರಿ ಗವರ್ನರ್ ವಿಂಥ್ರಪ್ ತೀರಿಕೊಂಡಿದ್ದರು. ಇನ್ನೊಬ್ಬ ಗವರ್ನರ್ ಬೆಲ್ಲಿಂಗ್‌ಹ್ಯಾಮ್‌ನ ಮನೆಯಲ್ಲಿ ತೂಗುಹಾಕಿದ ಕವಚದ ಹೊಳಪಿನಲ್ಲಿ ಅಕ್ಷರ ಎಷ್ಟು ಬೃಹತ್ತಾಗಿ ಕಾಣುತ್ತದೆ ಎಂದರೆ ಹಿಂದೆ ಇರುವ ಹೆಣ್ಣೇ ಮರೆಯಾಗುತ್ತಾಳೆ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಮಗು ಪರ್ಲ್. ಕೂಸಾಗಿದ್ದಾಗ ಅವಳ ಕಣ್ಣು ಮೊದಲು ನೆಟ್ಟದ್ದು ತಾಯಿಯ ನಗುವಿನ ಮೇಲಲ್ಲ, ಮಿನುಗುವ ಆ ಅಕ್ಷರದ ಮೇಲೆ. ಕೈ ಚಾಚಿ ಹಿಡಿಯುತ್ತಾಳೆ, ತಾಯಿ ನಡುಗುತ್ತಾಳೆ. ನನ್ನ ಮಗಳೂ ತೊಡೆಯ ಮೇಲಿಂದ ಜರಿಗೆ ಕೈ ಹಾಕುತ್ತಿದ್ದಳು, ಹೊಳೆಯುವುದನ್ನು ಕಂಡರೆ ಕೂಸಿಗೆ ಆಸೆ. ದೊಡ್ಡವಳಾದ ಪರ್ಲ್ ಕಡಲ ಹುಲ್ಲಿನಿಂದ ಹಸಿರು 'ಎ' ಮಾಡಿ ತನ್ನ ಎದೆಗೆ ಅಂಟಿಸಿಕೊಳ್ಳುತ್ತಾಳೆ. ಮುಂದೆ ಕಾಡಿನಲ್ಲಿ ತಾಯಿ ಅಕ್ಷರವನ್ನು ಕಿತ್ತೆಸೆದು ಕೂದಲು ಬಿಚ್ಚಿದಾಗ ಬಿಸಿಲು ಹರಿಯುತ್ತದೆ, ಆದರೆ ಮಗಳು ತೊರೆ ದಾಟಿ ಹತ್ತಿರ ಬರಲು ಒಪ್ಪುವುದಿಲ್ಲ. ಅಕ್ಷರ ಮರಳಿ ಎದೆಗೆ ಬಂದ ಮೇಲೆಯೇ ಬಂದು ಅಪ್ಪಿಕೊಳ್ಳುತ್ತಾಳೆ. 'ಕಾಡು ಎಂದರೆ ಸ್ವಾತಂತ್ರ್ಯ' ಎಂದು ಬರೆದವರು ಈ ಪುಟವನ್ನು ಓದಿದ್ದಾರೆಯೇ ಎಂದು ಕೇಳಬೇಕೆನಿಸುತ್ತದೆ.

ಮಗುವಿನ ತಂದೆ ಆ ಪಾದ್ರಿಯೇ. ಪಾಪ ಇಬ್ಬರದು, ಬಟ್ಟೆ ಒಬ್ಬಳ ಮೇಲೆ. ತಾನು ಮಹಾಪಾಪಿ ಎಂದು ಅವನು ಪೀಠದಿಂದ ಸಾರಿದಷ್ಟೂ ಜನ ಅವನನ್ನು ಸಂತನೆಂದು ಪೂಜಿಸುತ್ತಾರೆ, ರಾತ್ರಿ ಬಾಗಿಲು ಹಾಕಿಕೊಂಡು ತನಗೆ ತಾನೇ ಚಾಟಿ ಬೀಸಿಕೊಳ್ಳುತ್ತಾನೆ. ಏಳು ವರ್ಷ ಹೀಗೆ ಕಳೆಯುತ್ತಾನೆ. ಅವನ ಮೇಲೆ ನನಗೆ ಬಂದ ಸಿಟ್ಟು ಸಣ್ಣದಲ್ಲ. ಕೊನೆಗೆ ಅದೇ ಕಟ್ಟೆಯನ್ನು ತಾಯಿಮಗಳ ಕೈ ಹಿಡಿದು ಹತ್ತುತ್ತಾನೆ, ಪರ್ಲ್ ಅವನಿಗೆ ಮುತ್ತಿಡುತ್ತಾಳೆ. ಆ ಮಗುವಿಗಾಗಿ ನಾನೂ ಸಿಟ್ಟು ಬಿಟ್ಟೆ.

ಪೀಠಿಕೆಯ ವಿಷಯಕ್ಕೆ ಮತ್ತೆ ಬರಬೇಕು. ಹಾಥಾರ್ನ್ ಅವರ ಪೂರ್ವಜ ಜಾನ್ ಹಾಥಾರ್ನ್ 1692ರಲ್ಲಿ ಸೇಲಂನಲ್ಲಿ ಮಾಟಗಾತಿಯರೆಂದು ಆರೋಪಿಸಿ ನಡೆಸಿದ ವಿಚಾರಣೆಯ ನ್ಯಾಯಾಧೀಶರಲ್ಲಿ ಒಬ್ಬರು. ಅಂದು 19 ಜನರನ್ನು ಗಲ್ಲಿಗೇರಿಸಿದರು. ಆ ಹಿರಿಯರ ಪರವಾಗಿ ನಾಚಿಕೆಯನ್ನು ನಾನು ಹೊರುತ್ತೇನೆ ಎಂದು ಲೇಖಕ ಪೀಠಿಕೆಯಲ್ಲಿ ಬರೆಯುತ್ತಾರೆ. ಹೆಸ್ಟರ್ ಹೊತ್ತದ್ದು ಊರು ಹೊರಿಸಿದ ನಾಚಿಕೆ. ಇಲ್ಲಿ ಒಬ್ಬ ಗಂಡಸು ತನ್ನ ಮನೆತನ ಮಾಡಿದ ತಪ್ಪಿಗೆ ತಾನಾಗಿಯೇ ಎದೆ ಕೊಡುತ್ತಾನೆ. ಇದನ್ನು ಓದಿದ ಮೇಲೆ ಕಾದಂಬರಿಯನ್ನು ಮೊದಲಿನಿಂದ ಮತ್ತೆ ಓದಬೇಕಾಯಿತು. 1850ರಲ್ಲಿ ಪುಸ್ತಕ ಬಂದಾಗ ಪೀಠಿಕೆಯ ಬಗ್ಗೆ ಸೇಲಂನವರು ಕೆರಳಿದ್ದರು. ಎರಡನೆಯ ಮುದ್ರಣಕ್ಕೆ ಹಾಥಾರ್ನ್ ಒಂದು ಪದವನ್ನೂ ಬದಲಿಸದೆ ಅದನ್ನೇ ಕೊಟ್ಟರು. ಬರೆದವರು ಅಷ್ಟು ಗಟ್ಟಿಯಾಗಿ ಉಳಿಸಿಕೊಂಡದ್ದನ್ನು ಪ್ರಕಾಶಕರು ಸದ್ದಿಲ್ಲದೆ ಕತ್ತರಿಸಿದ್ದಾರೆ. ಬೆಲೆ ಕಡಿಮೆ ಮಾಡಲು ಕತ್ತರಿಸಿದರೆ 'ಸಂಪೂರ್ಣ' ಎಂದು ಬರೆಯಬಾರದಿತ್ತು.

ಕೊಳ್ಳುವವರು ದುಡ್ಡು ಕೊಡುವ ಮೊದಲು ಪರಿವಿಡಿ ತೆರೆದು 'ದಿ ಕಸ್ಟಮ್ ಹೌಸ್' ಇದೆಯೇ ನೋಡಿ. ಇಲ್ಲದಿದ್ದರೆ ನೂರು ರೂಪಾಯಿ ಹೆಚ್ಚಾದರೂ ಬೇರೆಯದನ್ನು ತೆಗೆದುಕೊಳ್ಳಿ. ನಮ್ಮದನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳಲಿಲ್ಲ. ಮಗಳು ಆ ಪೀಠಿಕೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದಳು. ಅಳತೆಗೆ ಕತ್ತರಿಸಿ, ಮೊದಲ ಅಧ್ಯಾಯದ ಮುಂದೆ ಇಟ್ಟು, ಅದೇ ದಪ್ಪ ದಾರದಿಂದ ಹೊಲಿದಿದ್ದೇನೆ. ಪುಸ್ತಕ ಈಗ ಉಬ್ಬಿದೆ, ರಕ್ಷಾಪುಟ ಸರಿಯಾಗಿ ಮುಚ್ಚುವುದಿಲ್ಲ, ಆದರೆ ಹಾಳೆ ಒಂದೂ ಸಡಿಲವಿಲ್ಲ.