ವಾರದ ರೆಫರಲ್ ಗುಂಪು, ರೋಟರಿ, ವಾಣಿಜ್ಯ ಸಂಸ್ಥೆ: ಒಂದು ವರ್ಷದ ಹೋಲಿಕೆ

ಹುಬ್ಬಳ್ಳಿಯಂತಹ ನಗರದಲ್ಲಿ ಸಣ್ಣ ಉದ್ಯಮಿಯೊಬ್ಬ ಇತರ ಉದ್ಯಮಿಗಳ ಒಡನಾಟ ಬಯಸಿದರೆ ಅವನ ಮುಂದೆ ಮುಖ್ಯವಾಗಿ ಮೂರು ಬಗೆಯ ಸಂಘಟನೆಗಳಿವೆ. ವಾರಕ್ಕೊಮ್ಮೆ ಮುಂಜಾನೆ ಸೇರಿ ಒಬ್ಬರಿಗೊಬ್ಬರು ಗಿರಾಕಿಗಳನ್ನು ಕಳಿಸಿಕೊಡುವ ರೆಫರಲ್ ಗುಂಪು ಒಂದು, ರೋಟರಿಯಂತಹ ಸೇವಾ ಕ್ಲಬ್ ಇನ್ನೊಂದು, ವಾಣಿಜ್ಯೋದ್ಯಮ ಸಂಸ್ಥೆ ಮತ್ತೊಂದು. ತಾರಿಹಾಳ ಕೈಗಾರಿಕಾ ಪ್ರದೇಶದಲ್ಲಿ ರಟ್ಟಿನ ಪೆಟ್ಟಿಗೆ ತಯಾರಿಸುವ ಘಟಕ ನಡೆಸುವ ನಾನು 2025–26ರ ಆರ್ಥಿಕ ವರ್ಷದಲ್ಲಿ ಮೂರರಲ್ಲೂ ಸದಸ್ಯನಾಗಿದ್ದೆ. ವಾಣಿಜ್ಯ ಸಂಸ್ಥೆಯ ಸದಸ್ಯತ್ವ ತಂದೆಯವರ ಕಾಲದಿಂದ ಬಂದದ್ದು, ರೋಟರಿ ಕೆಲವು ವರ್ಷಗಳ ಹಿಂದೆ ಸ್ನೇಹಿತರ ಒತ್ತಾಯದಿಂದ ಆದದ್ದು, ರೆಫರಲ್ ಗುಂಪಿಗೆ ಮಾತ್ರ ಈ ವರ್ಷವೇ ಹೊಸದಾಗಿ ಹಣ ಕಟ್ಟಿ ಸೇರಿದ್ದು. ಈ ಗುಂಪು ಯಾವುದೇ ಅಂತರರಾಷ್ಟ್ರೀಯ ಸಂಸ್ಥೆಯ ಶಾಖೆಯಲ್ಲ. ಆ ಮಾದರಿಯನ್ನು ಅನುಸರಿಸಿ ಊರಿನವರೇ ಕಟ್ಟಿಕೊಂಡದ್ದು.

ಮೂರನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಅಭ್ಯಾಸ ನಮ್ಮಲ್ಲಿದೆ: ಎಷ್ಟು ಕಟ್ಟಿದೆ, ಎಷ್ಟು ಆರ್ಡರ್ ಬಂತು? ಈ ಪ್ರಶ್ನೆ ರೆಫರಲ್ ಗುಂಪಿಗೆ ಪೂರ್ತಿ ನ್ಯಾಯವಾದದ್ದು, ವಾಣಿಜ್ಯ ಸಂಸ್ಥೆಗೆ ಅರ್ಧ ನ್ಯಾಯವಾದದ್ದು, ರೋಟರಿಗೆ ಅನ್ವಯಿಸದೇ ಇರುವಂಥದ್ದು. ಆದರೆ ಚರಿತ್ರೆ ನೋಡಿದರೆ ಈ ಗೆರೆ ಮೊದಲಿನಿಂದಲೂ ಇದ್ದದ್ದಲ್ಲ. 1905ರಲ್ಲಿ ವಕೀಲ ಪಾಲ್ ಹ್ಯಾರಿಸ್ ಷಿಕಾಗೋದಲ್ಲಿ ರೋಟರಿಯನ್ನು ಆರಂಭಿಸಿದಾಗ ಒಂದು ವೃತ್ತಿಗೆ ಒಬ್ಬನೇ ಸದಸ್ಯನೆಂಬ ನಿಯಮವಿತ್ತು, ಸದಸ್ಯರ ವ್ಯಾಪಾರ ಹಿತಾಸಕ್ತಿಯನ್ನು ಬೆಳೆಸುವುದು ಅದರ ಮೊದಲ ಉದ್ದೇಶಗಳಲ್ಲೇ ಸೇರಿತ್ತು, ಯಾರು ಯಾರಿಗೆ ಎಷ್ಟು ವ್ಯಾಪಾರ ಕೊಟ್ಟರೆಂಬುದರ ಲೆಕ್ಕವನ್ನೂ ಇಡಲಾಗುತ್ತಿತ್ತು. ಸೇವೆಯ ಧ್ಯೇಯ ಮುನ್ನೆಲೆಗೆ ಬಂದಂತೆ ಆ ಲೆಕ್ಕದ ಪುಸ್ತಕವನ್ನು ರೋಟರಿ ಮುಚ್ಚಿತು. 1985ರಲ್ಲಿ ಐವನ್ ಮಿಸ್ನರ್ ಕ್ಯಾಲಿಫೋರ್ನಿಯಾದಲ್ಲಿ ರೆಫರಲ್ ಗುಂಪುಗಳ ಸಂಸ್ಥೆಯಾದ ಬಿಎನ್‌ಐ ಆರಂಭಿಸಿದಾಗ ಮತ್ತೆ ತೆರೆದದ್ದು ಹೆಚ್ಚುಕಡಿಮೆ ಅದೇ ಪುಸ್ತಕವನ್ನು. ಅದೇ 1985ರಲ್ಲಿ ರೋಟರಿ ಜಗತ್ತಿನಿಂದ ಪೋಲಿಯೊ ಅಳಿಸುವ ಪೋಲಿಯೊಪ್ಲಸ್ ಕಾರ್ಯಕ್ರಮವನ್ನು ಘೋಷಿಸಿತು. ಎರಡು ಸಂಘಟನೆಗಳು ಎಷ್ಟು ದೂರ ಸರಿದಿದ್ದವೆಂಬುದಕ್ಕೆ ಆ ಒಂದು ವರ್ಷವೇ ಸಾಕ್ಷಿ.

ರೆಫರಲ್ ಗುಂಪಿನ ವರ್ಷಕ್ಕೆ ಋತುಗಳಿಲ್ಲ. ಮಳೆಗಾಲವಾದರೂ ಮದುವೆಯ ಕಾಲವಾದರೂ ವಾರದ ಅದೇ ದಿನ, ಬೆಳಿಗ್ಗೆ ಏಳಕ್ಕೆ, ಹೋಟೆಲೊಂದರ ಸಭಾಂಗಣದಲ್ಲಿ ಒಂದೂವರೆ ಗಂಟೆಯ ಅದೇ ಕಾರ್ಯಸೂಚಿ ನಡೆಯುತ್ತದೆ. ಪ್ರತಿಯೊಬ್ಬರೂ ಒಂದು ನಿಮಿಷದಲ್ಲಿ ತಮ್ಮ ವ್ಯವಹಾರವನ್ನು ಹೇಳುತ್ತಾರೆ, ಒಬ್ಬರು ಹತ್ತು ನಿಮಿಷ ವಿವರವಾಗಿ ಮಾತನಾಡುತ್ತಾರೆ, ಬಳಿಕ ರೆಫರಲ್‌ಗಳ ವಿನಿಮಯವಾಗುತ್ತದೆ, ಕಳೆದ ವಾರದ ರೆಫರಲ್‌ನಿಂದ ವ್ಯಾಪಾರ ಕುದುರಿದ್ದರೆ ಅದರ ಮೊತ್ತವನ್ನು ಎದ್ದುನಿಂತು ಹೇಳಿ ಧನ್ಯವಾದ ಅರ್ಪಿಸಬೇಕಾಗುತ್ತದೆ. ಬರಲಾಗದಿದ್ದರೆ ಬದಲಿಯೊಬ್ಬರನ್ನು ಕಳಿಸಬೇಕು; ಗೈರುಹಾಜರಿ ಮಿತಿ ಮೀರಿದರೆ ಸ್ಥಾನವೇ ಹೋಗುತ್ತದೆ. ಈ ಶಿಸ್ತನ್ನು ನಾನು ಮೆಚ್ಚುತ್ತೇನೆ. ಪೆಟ್ಟಿಗೆ ಮಾಡುತ್ತೇನೆ ಎಂದಷ್ಟೇ ಹೇಳುತ್ತಿದ್ದವನು, ಬ್ಯಾಡಗಿ ಮೆಣಸಿನಕಾಯಿಯನ್ನು ತುಂಬಿ ಲಾರಿಯಲ್ಲಿ ಕೊಚ್ಚಿಯವರೆಗೆ ಕಳಿಸಿದರೂ ಕೆಳಗಿನ ಸಾಲು ಕುಸಿಯದಂತಹ ಐದು ಪದರದ ಪೆಟ್ಟಿಗೆ ಮಾಡುತ್ತೇನೆ ಎಂದು ಹೇಳುವುದನ್ನು ಕಲಿತದ್ದು ಅಲ್ಲಿಯೇ. ಆ ಒಂದು ವಾಕ್ಯ ಈಗ ನನ್ನ ದರಪಟ್ಟಿಯ ಮೇಲೂ ಇದೆ.

ಆದರೆ ಬಂದ ರೆಫರಲ್‌ಗಳ ಸ್ವರೂಪವನ್ನು ನೋಡಬೇಕು. ಒಬ್ಬರಿಗೆ ಮನೆ ಬದಲಾಯಿಸಲು ಇಪ್ಪತ್ತು ಪೆಟ್ಟಿಗೆ ಬೇಕಿತ್ತು. ಮನೆಯಲ್ಲೇ ಚಕ್ಕುಲಿ, ಉಪ್ಪಿನಕಾಯಿ ಮಾಡಿ ಮಾರುವವರೊಬ್ಬರಿಗೆ ಹೆಸರು ಮುದ್ರಿಸಿದ ಐವತ್ತು ಪೆಟ್ಟಿಗೆ ಬೇಕಿತ್ತು. ಮುದ್ರಣದ ಅಚ್ಚಾದ ಸ್ಟೀರಿಯೊ, ಕತ್ತರಿಸುವ ಡೈ ಇವುಗಳ ಖರ್ಚೇ ಐವತ್ತು ಪೆಟ್ಟಿಗೆಗಳ ಬೆಲೆಯನ್ನು ಮೀರುವುದರಿಂದ ಕೆಲವು ನೂರು ಪೆಟ್ಟಿಗೆಗಳಿಗಿಂತ ಕಡಿಮೆಯ ಕೆಲಸ ನನ್ನಂತಹ ಘಟಕಕ್ಕೆ ನಷ್ಟವೇ. ಕೊಟ್ಟವರದ್ದೇನೂ ತಪ್ಪಿಲ್ಲ, ಅವರ ಪರಿಚಯದ ವಲಯದಲ್ಲಿ ಪೆಟ್ಟಿಗೆ ಬೇಕಾದವರು ಅಂಥವರೇ. ನಿಜವಾದ ಆರ್ಡರ್ ಬಂದದ್ದು ಸಭೆಯಿಂದಲ್ಲ, ಸಭೆಯ ಹೊರಗೆ ಇಬ್ಬರೇ ಕುಳಿತು ಮಾತನಾಡುವ ಒನ್ ಟು ಒನ್‌ನಿಂದ. ಅಡುಗೆ ಗುತ್ತಿಗೆದಾರರೊಬ್ಬರ ಮಾತಿನ ನಡುವೆ ಧಾರವಾಡದ ಪೇಡೆ ತಯಾರಕರೊಬ್ಬರ ಪ್ರಸ್ತಾಪ ಬಂದು, ಅವರ ದೀಪಾವಳಿಯ ಪೆಟ್ಟಿಗೆಗಳು ನನ್ನ ಪಾಲಿಗಾದವು.

ಇದೇ ಗುಂಪಿನಲ್ಲಿ ಒಳಾಂಗಣ ವಿನ್ಯಾಸಕರು, ಚಾವಣಿಯ ಮೇಲೆ ಸೌರಫಲಕ ಅಳವಡಿಸುವವರು, ಆರೋಗ್ಯ ವಿಮೆಯ ಏಜೆಂಟರು ಕಟ್ಟಿದ ಹಣವನ್ನು ಕೆಲವೇ ತಿಂಗಳಲ್ಲಿ ಹಲವು ಪಟ್ಟು ಮರಳಿ ಪಡೆದರು. ಕಾರಣ ಸರಳವಾಗಿದೆ. ಅವರ ಗಿರಾಕಿ ಒಂದು ಕುಟುಂಬ. ಪರಿಚಿತರ ಒಂದು ಮಾತು ಆ ಕುಟುಂಬದ ತೀರ್ಮಾನಕ್ಕೆ ಸಾಕಾಗುತ್ತದೆ. ನನ್ನ ಗಿರಾಕಿ ಕಾರ್ಖಾನೆಯ ಖರೀದಿ ವಿಭಾಗ. ಅಲ್ಲಿ ಪೆಟ್ಟಿಗೆಗೆ ಬಳಸುವ ಕ್ರಾಫ್ಟ್ ಕಾಗದದ ಜಿಎಸ್‌ಎಂ (ಚದರ ಮೀಟರಿಗೆ ಎಷ್ಟು ಗ್ರಾಂ ತೂಕ), ಬರ್ಸ್ಟಿಂಗ್ ಸಾಮರ್ಥ್ಯ (ಒತ್ತಡಕ್ಕೆ ಒಡೆಯದ ಶಕ್ತಿ), ದರ, ಉದ್ದರಿಯ ಅವಧಿ ಇವುಗಳ ಮೇಲೆ ತಿಂಗಳುಗಟ್ಟಲೆ ಚೌಕಾಶಿ ನಡೆಯುತ್ತದೆಯೇ ಹೊರತು ಯಾರು ಪರಿಚಯಿಸಿದರು ಎಂಬುದು ಮೊದಲ ಭೇಟಿಗಷ್ಟೇ ಉಪಯೋಗ. ಹೀಗಿರುವಾಗ ಪ್ರತಿ ವಾರ ಇಷ್ಟು ರೆಫರಲ್ ಕೊಡಲೇಬೇಕೆಂಬ ಒತ್ತಡದಲ್ಲಿ ಸದಸ್ಯರು ಕೊನೆಗಳಿಗೆಯಲ್ಲಿ ಚೀಟಿ ತುಂಬಿಸುವುದನ್ನೂ, ಹೇಗಿದ್ದರೂ ಆಗುತ್ತಿದ್ದ ವ್ಯಾಪಾರವನ್ನು ಗುಂಪಿನ ಲೆಕ್ಕಕ್ಕೆ ಸೇರಿಸುವುದನ್ನೂ ಕಂಡಾಗ, ಗುಂಪಿನ ವ್ಯಾಪಾರವನ್ನು ಬರೆದಿಡುವ ಫಲಕದ ಮೇಲಿನ ಒಟ್ಟು ಮೊತ್ತವನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದನ್ನು ಬಿಟ್ಟೆ.

ರೋಟರಿಯ ವರ್ಷ ಜುಲೈ 1ರಂದು ಪದಗ್ರಹಣದಿಂದ ಆರಂಭವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ನಮ್ಮ ಭಾಗದ ಕ್ಲಬ್‌ಗಳು ಸೇರಿರುವ ರೋಟರಿ ಜಿಲ್ಲೆ 3170 ಬೆಳಗಾವಿ, ಗೋವಾಗಳನ್ನೂ ಒಳಗೊಂಡದ್ದು. ಸಸಿ ನೆಡುವುದು, ಶಿಕ್ಷಕರ ಸನ್ಮಾನ, ಅಕ್ಟೋಬರ್ 24ರ ಪೋಲಿಯೊ ದಿನ, ರಕ್ತದಾನ, ಕಣ್ಣಿನ ತಪಾಸಣೆ, ರೋಟರಿ ಜಿಲ್ಲಾ ಗವರ್ನರ್ ಭೇಟಿ ಎಂಬ ಸರಣಿ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ಹಾರ, ಶಾಲು, ನೆನಪಿನ ಕಾಣಿಕೆಗಳಿಗೆ ಹೋಗುವ ಸಮಯವನ್ನು ಅರ್ಧಕ್ಕಿಳಿಸಿದರೂ ಸೇವೆಗೆ ಯಾವ ಕೊರತೆಯೂ ಆಗದು. ಅಲ್ಲಿ ವ್ಯಾಪಾರದ ಮಾತನ್ನು ಬಾಯಿಬಿಟ್ಟು ಆಡುವುದು ಸಭ್ಯತೆಯಲ್ಲ, ಆಡಬಾರದು ಕೂಡ. 1932ರಲ್ಲಿ ದಿವಾಳಿಯ ಅಂಚಿನಲ್ಲಿದ್ದ ಕಂಪನಿಯೊಂದನ್ನು ಎತ್ತಿ ನಿಲ್ಲಿಸಲು ಹರ್ಬರ್ಟ್ ಟೇಲರ್ ಬರೆದ ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ರೋಟರಿ ತನ್ನದಾಗಿಸಿಕೊಂಡಿದೆ: ಇದು ಸತ್ಯವೇ, ಸಂಬಂಧಪಟ್ಟವರೆಲ್ಲರಿಗೂ ನ್ಯಾಯವೇ ಎಂದು ಆರಂಭವಾಗುವ ಆ ಪರೀಕ್ಷೆ ಹುಟ್ಟಿದ್ದು ವ್ಯಾಪಾರದ ಒಳಗೇ ಎಂಬುದನ್ನು ಅದನ್ನು ಪಠಿಸುವವರಲ್ಲಿ ಹಲವರು ಮರೆತಿರುತ್ತಾರೆ.

ನನಗೆ ರೋಟರಿಯಿಂದ ಒಂದು ಆರ್ಡರೂ ಬರಲಿಲ್ಲ. ಬಂದದ್ದು ಬೇರೆ. ದಾಂಡೇಲಿಯಲ್ಲಿ ಕಾಗದ ತಯಾರಿಕೆಯಲ್ಲಿ ಜೀವಮಾನ ಕಳೆದು ನಿವೃತ್ತರಾದ ಹಿರಿಯ ಸದಸ್ಯರೊಬ್ಬರು ಮಳೆಗಾಲದಲ್ಲಿ ನನ್ನ ಗೋದಾಮಿಗೆ ತಾವಾಗಿಯೇ ಬಂದು, ತೇವ ಹೀರಿದ ಕಾಗದದಿಂದ ಮಾಡಿದ ಪೆಟ್ಟಿಗೆ ಪರೀಕ್ಷೆಯಲ್ಲಿ ಪಾಸಾದರೂ ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದಾಗ ಏಕೆ ಸೋಲುತ್ತದೆ ಎಂಬುದನ್ನು ತೋರಿಸಿಕೊಟ್ಟರು. ರೀಲುಗಳನ್ನು ನೆಲದಿಂದ ಎತ್ತರಿಸಿ ಗೋಡೆಯಿಂದ ದೂರವಿಡುವುದು, ಮೊದಲು ಬಂದದ್ದನ್ನು ಮೊದಲು ಬಳಸುವುದು, ತೇವಮಾಪಕದಲ್ಲಿ ಅಳೆದು ನಂತರವೇ ಯಂತ್ರಕ್ಕೆ ಏರಿಸುವುದು ಇವು ಪುಸ್ತಕದಲ್ಲಿ ಇಲ್ಲದ್ದೇನಲ್ಲ. ಆದರೆ ಹಣ ಪಡೆಯುವ ಸಲಹೆಗಾರನೊಬ್ಬ ಇಷ್ಟು ತಾಳ್ಮೆಯಿಂದ ಹೇಳುತ್ತಿರಲಿಲ್ಲ. ವಾಪಸ್ ಬರುವ ಸರಕು ಆ ವರ್ಷ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಇದನ್ನು ಯಾವ ಫಲಕದಲ್ಲಿ ಬರೆಯಬೇಕು?

ವಾಣಿಜ್ಯ ಸಂಸ್ಥೆಯ ವಿಷಯಕ್ಕೆ ಬರುತ್ತೇನೆ. ಕರ್ನಾಟಕದಲ್ಲಿ ಈ ಪರಂಪರೆ ಹಳೆಯದು. ರಾಜ್ಯಮಟ್ಟದ ವಾಣಿಜ್ಯೋದ್ಯಮ ಒಕ್ಕೂಟವಾದ ಇಂದಿನ ಎಫ್‌ಕೆಸಿಸಿಐನ ಮೂಲವಾದ ಮೈಸೂರು ವಾಣಿಜ್ಯ ಸಂಸ್ಥೆಯನ್ನು ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಸ್ಥಾಪಿಸಲಾಯಿತು. ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ 1928ರಷ್ಟು ಹಿಂದಿನದು. ನಾನು ಸದಸ್ಯನಾಗಿರುವ ಸಂಸ್ಥೆಯ ಸಭೆಗಳು ಮೂರರಲ್ಲಿ ಅತ್ಯಂತ ನೀರಸವಾದವು ಎಂಬುದನ್ನು ಮುಚ್ಚಿಡಲಾರೆ. ವೇದಿಕೆಯ ಮೇಲೆ ಅದೇ ಮುಖಗಳು, ಸಭಾಂಗಣದಲ್ಲಿ ಖಾಲಿ ಕುರ್ಚಿಗಳು, ಮಹಿಳಾ ಉದ್ಯಮಿಗಳು ಬೆರಳೆಣಿಕೆಯಷ್ಟು. ಚುನಾವಣೆಯ ದಿನ ಮಾತ್ರ ಕಾಲಿಡಲು ಜಾಗವಿಲ್ಲ. ಆದರೂ ಈ ವರ್ಷ ನನಗೆ ಅತಿ ಹೆಚ್ಚು ಉಪಯೋಗವಾದದ್ದು ಇದೇ.

ವರ್ಷವೂ ಹಾಗಿತ್ತು. ವಿದ್ಯುತ್ ಕಂಪನಿಗಳ ನೌಕರರ ಪಿಂಚಣಿ ಮತ್ತು ಗ್ರಾಚ್ಯುಟಿ ಹೊರೆಯನ್ನು ಯೂನಿಟ್ಟಿಗೆ 36 ಪೈಸೆಯಂತೆ ಗ್ರಾಹಕರಿಂದ ವಸೂಲು ಮಾಡುವ ಆದೇಶ 2025ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಜುಲೈನಲ್ಲಿ, ಯುಪಿಐ ಮೂಲಕ ಬಂದ ಹಣದ ಲೆಕ್ಕದ ಮೇಲೆ ಸಣ್ಣ ಅಂಗಡಿಕಾರರಿಗೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್‌ಗಳು ಬಂದು ರಾಜ್ಯವೆಲ್ಲ ಗದ್ದಲವಾಯಿತು. ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ದರಗಳೇ ಬದಲಾದವು. ಈ ಕೊನೆಯ ಬದಲಾವಣೆಯನ್ನು ಮೂರೂ ಕಡೆ ಹೇಗೆ ಸ್ವೀಕರಿಸಿದರೆಂಬುದು ಹೋಲಿಕೆಗೆ ತಾನಾಗಿ ಒದಗಿದ ಸಂದರ್ಭ.

ಹಿನ್ನೆಲೆ ಹೀಗಿದೆ. ರಟ್ಟಿನ ಪೆಟ್ಟಿಗೆಯ ಮೇಲಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿಯಿತು, ಅದಕ್ಕೆ ಬೇಕಾದ ಕ್ರಾಫ್ಟ್ ಕಾಗದದ ಮೇಲಿನ ತೆರಿಗೆ ಶೇ 12ರಿಂದ ಶೇ 18ಕ್ಕೆ ಏರಿತು. 100 ರೂಪಾಯಿಯ ಕಾಗದಕ್ಕೆ 18 ರೂಪಾಯಿ ತೆರಿಗೆ ಕಟ್ಟಿ, ಅದರಿಂದಾದ ಪೆಟ್ಟಿಗೆಗಳನ್ನು 150ಕ್ಕೆ ಮಾರಿದರೆ ಗಿರಾಕಿಯಿಂದ ವಸೂಲಾಗುವ ತೆರಿಗೆ ಏಳೂವರೆ ರೂಪಾಯಿ. ಉಳಿದ ಹತ್ತೂವರೆ ರೂಪಾಯಿ ಹೂಡುವಳಿ ತೆರಿಗೆಯ (ಕೊಂಡ ಸರಕಿನ ಮೇಲೆ ಕಟ್ಟಿದ ತೆರಿಗೆ) ಖಾತೆಯಲ್ಲಿ ಸಿಕ್ಕಿಕೊಂಡು, ದುಡಿಯುವ ಬಂಡವಾಳವನ್ನು ನುಂಗುತ್ತದೆ. ರೆಫರಲ್ ಗುಂಪಿನಲ್ಲಿ ಆ ವಾರ ಹಬ್ಬದ ವಾತಾವರಣವಿತ್ತು; ಕಾರು, ಟಿವಿ, ಏಸಿಗಳ ತೆರಿಗೆ ಇಳಿದದ್ದೇ ಮಾತು, ಲೆಕ್ಕಪರಿಶೋಧಕರಾದ ಸದಸ್ಯರು ತಮ್ಮ ಒಂದು ನಿಮಿಷದಲ್ಲಿ ಜಿಎಸ್‌ಟಿ ಗೊಂದಲವಿದ್ದರೆ ನನ್ನನ್ನು ಕೇಳಿ ಎಂದರು. ರೋಟರಿಯಲ್ಲಿ ಊಟದ ಹೊತ್ತಿಗೆ ನಾಲ್ಕು ಮಂದಿ ಸಹಾನುಭೂತಿ ತೋರಿದರು. ವಾಣಿಜ್ಯ ಸಂಸ್ಥೆಯಲ್ಲಿ ಇಡೀ ಒಂದು ಸಂಜೆ ಈ ವಿಷಯಕ್ಕೇ ಮೀಸಲಾಯಿತು. ಹೂಡುವಳಿ ತೆರಿಗೆ ಹೆಚ್ಚಿದ್ದು ಮಾರಾಟದ ತೆರಿಗೆ ಕಡಿಮೆಯಿದ್ದಾಗ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 54ರ ಅಡಿಯಲ್ಲಿ ಮರುಪಾವತಿ ಕೇಳಬಹುದೆಂಬುದು ನನಗೆ ಗೊತ್ತಿತ್ತು. ಸಾಗಣೆ, ಬಾಡಿಗೆ, ಜಾಬ್‌ವರ್ಕ್‌ನಂತಹ ಸೇವೆಗಳ ಮೇಲೆ ಕಟ್ಟಿದ ತೆರಿಗೆ ಆ ಸೂತ್ರದೊಳಗೆ ಬರುವುದಿಲ್ಲವೆಂಬುದೂ, ಆದ್ದರಿಂದ ಯಾವ ಕೆಲಸವನ್ನು ಹೊರಗೆ ಕೊಡಬೇಕು ಯಾವುದನ್ನು ಒಳಗೇ ಮಾಡಬೇಕು ಎಂಬ ಲೆಕ್ಕವನ್ನೇ ಹೊಸದಾಗಿ ಹಾಕಬೇಕೆಂಬುದೂ ತಿಳಿದದ್ದು ಆ ಸಂಜೆ. ನಮ್ಮ ಸಂಕಟವನ್ನು ಮನವಿಯ ರೂಪದಲ್ಲಿ ಮೇಲಕ್ಕೆ ಕಳಿಸಲಾಯಿತು. ಮನವಿಗಳಿಂದ ತಕ್ಷಣ ಏನೂ ಆಗುವುದಿಲ್ಲ, ಆದರೆ ಒಬ್ಬನೇ ಬರೆದ ಪತ್ರಕ್ಕೆ ಆ ಕನಿಷ್ಠ ತೂಕವೂ ಇರುವುದಿಲ್ಲ.

ಅದೇ ಸಂಜೆ ಪಕ್ಕದ ಕುರ್ಚಿಯಲ್ಲಿದ್ದವರು ಮಸಾಲೆ ಪುಡಿ ತಯಾರಿಸುವ ಘಟಕವೊಂದರ ಲೆಕ್ಕಪತ್ರ ನೋಡಿಕೊಳ್ಳುವವರು. ನಮ್ಮ ಮಾತು ಬಾಕಿ ಪಾವತಿಯ ಕಡೆಗೆ ತಿರುಗಿತು: ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ, ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನಗಳೊಳಗೆ ಹಣ ಕೊಡದಿದ್ದರೆ, ಆ ಖರ್ಚನ್ನು ನಿಜವಾಗಿ ಪಾವತಿಸಿದ ವರ್ಷದಲ್ಲಷ್ಟೇ ಆದಾಯದಿಂದ ಕಳೆಯಲು ಬಿಡುವ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ(ಎಚ್) ನಿಯಮದಿಂದಾಗಿ ಅವರು ಪೂರೈಕೆದಾರರ ಉದ್ಯಮ್ ನೋಂದಣಿಯನ್ನು (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಪರಿಶೀಲಿಸುತ್ತಿದ್ದರು. ನನ್ನ ನೋಂದಣಿ ಸರಿಯಾಗಿತ್ತು. ಮಾದರಿ ಕಳಿಸಿದೆ, ದರ ಹೇಳಿದೆ, ಎರಡು ಸಲ ತಿರಸ್ಕೃತವಾಗಿ ಮೂರನೆಯ ಸಲ ಒಪ್ಪಿಗೆಯಾಯಿತು. ಜನವರಿಯಿಂದ ಹೊಸ ಮೆಣಸಿನಕಾಯಿ ಮಾರುಕಟ್ಟೆಗೆ ಬರತೊಡಗಿದ ಮೇಲೆ ಆ ಒಂದೇ ಗಿರಾಕಿ ತೆಗೆದುಕೊಂಡ ಪೆಟ್ಟಿಗೆಗಳ ಬೆಲೆ, ರೆಫರಲ್ ಗುಂಪಿನಿಂದ ಇಡೀ ವರ್ಷ ಬಂದ ವ್ಯಾಪಾರವನ್ನು ಸುಲಭವಾಗಿ ದಾಟಿತು.

ಖರ್ಚಿನ ವಿಷಯದಲ್ಲಿ ರೆಫರಲ್ ಗುಂಪು ಎಲ್ಲಕ್ಕಿಂತ ದುಬಾರಿ. ವಾರ್ಷಿಕ ಶುಲ್ಕಕ್ಕೆ ಪ್ರತಿ ವಾರದ ಉಪಾಹಾರವನ್ನೂ, ಶೇ 18 ಜಿಎಸ್‌ಟಿಯನ್ನೂ ಸೇರಿಸಬೇಕು. ರೋಟರಿಯಲ್ಲಿ ಚಂದಾ ಕಡಿಮೆಯೆನಿಸಿದರೂ ಯೋಜನೆಗಳಿಗೆ ಕೈಯಿಂದ ಕೊಡುವುದು ಚಂದಾವನ್ನು ಮೀರುತ್ತದೆ, ಅದು ದಾನವಾದ್ದರಿಂದ ದೂರುವಂತಿಲ್ಲ. ವಾಣಿಜ್ಯ ಸಂಸ್ಥೆಯ ಚಂದಾ ಒಂದು ರೀಲು ಕಾಗದದ ಬೆಲೆಗಿಂತಲೂ ಕಡಿಮೆ.

ವೃತ್ತಿ ಹೊಸದಾಗಿದ್ದು, ಗಿರಾಕಿ ಕುಟುಂಬವೋ ವ್ಯಕ್ತಿಯೋ ಆಗಿದ್ದರೆ ಮೊದಲ ವರ್ಷ ರೆಫರಲ್ ಗುಂಪಿಗೇ ಸೇರುವುದು ಒಳಿತು. ಬೇರೆಲ್ಲೂ ಅಷ್ಟು ಬೇಗ ಅಷ್ಟು ಜನರಿಗೆ ಹೆಸರು ತಿಳಿಯುವುದಿಲ್ಲ. ಕಾರ್ಖಾನೆಗಳಿಗೆ ಮಾರುವವರು ಅದೇ ಸಮಯವನ್ನು ವಾಣಿಜ್ಯ ಸಂಸ್ಥೆಯ ತೆರಿಗೆ ಉಪಸಮಿತಿಗೋ ಕೈಗಾರಿಕಾ ಉಪಸಮಿತಿಗೋ ಕೊಟ್ಟರೆ ಹೆಚ್ಚು ಫಲವಿದೆ, ಸಾಮಾನ್ಯ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತರೆ ಇಲ್ಲ. ರೋಟರಿಗೆ ವ್ಯಾಪಾರಕ್ಕಾಗಿ ಸೇರುವವರು ಎರಡನೆಯ ವರ್ಷ ಚಂದಾ ಕಟ್ಟುವುದಿಲ್ಲ, ಅದು ಎರಡೂ ಕಡೆಯವರಿಗೆ ಒಳ್ಳೆಯದೇ.

2026–27ಕ್ಕೆ ನಾನು ರೋಟರಿ ಮತ್ತು ವಾಣಿಜ್ಯ ಸಂಸ್ಥೆಗಳ ಚಂದಾ ಕಟ್ಟಿ, ರೆಫರಲ್ ಗುಂಪಿನ ಸ್ಥಾನವನ್ನು ಬಿಟ್ಟುಕೊಟ್ಟಿದ್ದೇನೆ. ಪ್ಯಾಕೇಜಿಂಗ್ ವಿಭಾಗದ ಆ ಸ್ಥಾನಕ್ಕೆ ಮದುವೆ ಮತ್ತು ಹಬ್ಬದ ಉಡುಗೊರೆ ಪೆಟ್ಟಿಗೆಗಳನ್ನು ಅಲಂಕರಿಸಿ ಮಾರುವ ಯುವ ಉದ್ಯಮಿಯೊಬ್ಬರು ಬಂದಿದ್ದಾರೆ. ಇಪ್ಪತ್ತು, ಐವತ್ತರ ಲೆಕ್ಕದ ಕೆಲಸವೇ ಅವರಿಗೆ ಲಾಭದಾಯಕ; ಅವರಿಗೆ ಬೇಕಾದ ಸಾದಾ ಪೆಟ್ಟಿಗೆಗಳನ್ನು ತಿಂಗಳಿಗೊಮ್ಮೆ ಒಟ್ಟಾಗಿ ನನ್ನಲ್ಲೇ ಕೊಳ್ಳುವುದಾಗಿ ಮಾತಾಗಿದೆ.