ಗ್ರೈಂಡರ್ ಬೆಲ್ಟ್: ನಾಲ್ಕು ಮಳೆಗಾಲದ ಲೆಕ್ಕ

ಪಕ್ಕದ ಮನೆ ಅಕ್ಕನ ಮೀನು ಕತ್ತಿಯ ತುದಿ ನೀಲಿಯಾದ ದಿನದಿಂದ ಕತ್ತಿ ಮಾಡುವ ನಾನು ಗ್ರೈಂಡರ್ ಬೆಲ್ಟಿನ, ಅಂದರೆ ಕತ್ತಿ ಉಜ್ಜುವ ಯಂತ್ರದಲ್ಲಿ ಓಡುವ ಹರಳು ಅಂಟಿಸಿದ ಬಟ್ಟೆ ಪಟ್ಟಿಯ, ಲೆಕ್ಕ ಬರೆದಿಡಲು ಶುರು ಮಾಡಿದೆ.

ಜೀಪಿನ ಹಳೆಯ ಲೀಫ್ ಪ್ಲೇಟ್ ತಟ್ಟಿ, ಕಾಸಿ, ಎಣ್ಣೆಗೆ ಅದ್ದಿ, ಹದ ಕೊಟ್ಟು ಎಲ್ಲ ಮುಗಿದಿತ್ತು. ಬಾಯಿ ತೆಳು ಮಾಡುವುದೊಂದೇ ಬಾಕಿ. ಗ್ರೈಂಡರಿನಲ್ಲಿ ಇದ್ದದ್ದು ಸವೆದ 80ರ ಬೆಲ್ಟ್ (ಈ ಸಂಖ್ಯೆಗೆ ಗ್ರಿಟ್ ಅನ್ನುತ್ತಾರೆ, ಸಂಖ್ಯೆ ಹೆಚ್ಚಿದಷ್ಟೂ ಹರಳು ಸಣ್ಣ). ಹೊಸದು ಹಾಕಿದರೆ ಸುಮ್ನೆ ಇನ್ನೂರೈವತ್ತು ರೂಪಾಯಿ ಖರ್ಚು, ಇದರಲ್ಲೇ ಇನ್ನೊಂದು ಕತ್ತಿ ಆಗಲಿ ಅಂತ ಸ್ವಲ್ಪ ಜೋರಾಗಿ ಒತ್ತಿದೆ. ಎರಡೇ ಸೆಕೆಂಡು. ಮೊದಲು ಒಣಹುಲ್ಲಿನ ಬಣ್ಣ, ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿ. ಹುಲ್ಲಿನ ಬಣ್ಣ ಅಂದರೆ ಉಕ್ಕು 200ರಿಂದ 220 ಡಿಗ್ರಿಗೆ ಬಂದಿದೆ ಎಂದರ್ಥ. ನೀಲಿ ಅಂದರೆ 300ರ ಹತ್ತಿರ. ಅಲ್ಲಿಗೆ ಆ ಜಾಗದ ಹದ ಹೋಯಿತು. ಅಕ್ಕ ಮಾತ್ರ ನೋಡಿ, "ನೀಲಿ ಚಂದ ಉಂಟಲ್ಲ ಮಾರಾಯ, ಹಾಗೇ ಇರಲಿ" ಅಂದರು. ನನಗೆ ಎರಡು ದಿನದ ಕೆಲಸ ಮಣ್ಣಾಗಿತ್ತು.

ನಮ್ಮದು ಸುಳ್ಯದ ಕಡೆ. ತೋಟದ ಮೂಲೆಯಲ್ಲಿ ಶೆಡ್ಡು, ಅದರಲ್ಲಿ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದ ಗ್ರೈಂಡರ್. ಒಂದೂವರೆ ಎಚ್‌ಪಿ ಮೋಟಾರು, ವೇಗ ಹೆಚ್ಚು ಕಡಿಮೆ ಮಾಡಲು ವಿಎಫ್‌ಡಿ. ಬೆಲ್ಟಿನ ಅಳತೆ 2 ಇಂಚು ಅಗಲ, 72 ಇಂಚು ಉದ್ದ. ಕತ್ತಿ ಮಾಡುವವರಲ್ಲಿ ಜಾಸ್ತಿ ಓಡುವ ಅಳತೆ ಇದೇ. ನಮ್ಮ ಅಂಗಡಿಗಳಲ್ಲಿ 50×1830 ಮಿ.ಮೀ. ಅಂತ ಕೇಳಬೇಕು. ಇಂಚಿನಲ್ಲಿ ಹೇಳಿದರೆ ಅರ್ಧ ಜನ ಮುಖ ನೋಡುತ್ತಾರೆ.

ಮೊದಲ ವರ್ಷ ಪೂರ್ತಿ ಕಂದು ಬಣ್ಣದ ಅಲ್ಯುಮಿನಿಯಂ ಆಕ್ಸೈಡ್ ಬೆಲ್ಟ್ ಓಡಿಸಿದೆ. ಆಮೇಲೆ ಜಿರ್ಕೋನಿಯಾ, ಕೊನೆಗೆ ಸೆರಾಮಿಕ್. ಮೂರೂ ಬೆಲ್ಟಿನ ಹರಳಿನ ಜಾತಿಗಳು. ಪುಸ್ತಕದಲ್ಲಿ ಬರೆದಿಟ್ಟ ಲೆಕ್ಕ ಇದು: 60ರ ಗ್ರಿಟ್, ಏಳು ಇಂಚಿನ ಅಡುಗೆ ಕತ್ತಿ, ಬಾಯಿಯ ಕಡೆಗೆ ಮೊದಲ ಇಳಿಜಾರು ತೆಗೆಯುವ ಕೆಲಸ ಮಾತ್ರ. ಕಂದು ಬೆಲ್ಟಿಗೆ ನಾನು ಕೊಟ್ಟದ್ದು 140 ರೂಪಾಯಿ, ಆದದ್ದು ಒಂದೂವರೆ ಕತ್ತಿ. ಜಿರ್ಕೋನಿಯಾಗೆ 260, ಮೂರು ಕತ್ತಿ. ಸೆರಾಮಿಕ್‌ಗೆ 650, ಎಂಟು ಕತ್ತಿ. ಭಾಗಿಸಿ ನೋಡಿ. ಒಂದು ಕತ್ತಿಗೆ 93, 87, 81 ರೂಪಾಯಿ. ದುಬಾರಿ ಬೆಲ್ಟ್ ದುಡ್ಡು ಉಳಿಸುತ್ತದೆ ಅಂತ ಕೇಳಿ ನಾನು ತರಿಸಿದ್ದು. ನನ್ನ ಕೈಯಲ್ಲಿ ಉಳಿದದ್ದು ಒಂದು ಕತ್ತಿಗೆ ಹನ್ನೆರಡು ರೂಪಾಯಿ, ಒಂದು ಚಾ ಕುಡಿಯುವಷ್ಟು.

ಆದರೂ 36 ಮತ್ತು 60ರಲ್ಲಿ ನಾನೀಗ ಸೆರಾಮಿಕ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಕಾರಣ ಬಿಸಿ. ಕಂದು ಬೆಲ್ಟಿನ ಹರಳು ಸವೆದು ದುಂಡಗಾಗುತ್ತದೆ. ಆಮೇಲೆ ಅದು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿದರೆ ಬಿಸಿ. ಸೆರಾಮಿಕ್ ಹರಳು ಒತ್ತಡ ಬಿದ್ದಾಗ ಚೂರುಚೂರಾಗಿ ಒಡೆದು ಪ್ರತಿ ಸಲ ಹೊಸ ಮೊನೆ ಕೊಡುತ್ತದೆ. 3ಎಂ ಕಂಪನಿಯ ಕ್ಯೂಬಿಟ್ರಾನ್ 2 ಅನ್ನುವ ಸೆರಾಮಿಕ್ ಬೆಲ್ಟಿನಲ್ಲಂತೂ ಹರಳುಗಳೇ ಒಂದೇ ಅಳತೆಯ ತ್ರಿಕೋನಗಳು. ಬೆರಳಲ್ಲಿ ಸವರಿದರೆ ಬೆಕ್ಕಿನ ನಾಲಿಗೆ ನೆನಪಾಗುತ್ತದೆ. ಹದ ಕೊಟ್ಟ ಮೇಲೆ ಕೈಗವಸು ಇಲ್ಲದೆ ಹಿಡಿಯುತ್ತೇನೆ, ಒಂದು ಸಲ ಎಳೆದ ಕೂಡಲೇ ಬಕೆಟ್ ನೀರಿಗೆ ಅದ್ದುತ್ತೇನೆ. ಹೊಸ ಸೆರಾಮಿಕ್ ಇದ್ದರೆ ಬೆರಳಿಗೆ ಸುಟ್ಟ ಹಾಗೆ ಆಗುವುದೇ ಅಪರೂಪ.

ಇದರ ಇನ್ನೊಂದು ಮುಖವೂ ಇದೆ. ಸೆರಾಮಿಕ್ ಒತ್ತಡ ಕೇಳುತ್ತದೆ, ವೇಗವೂ ಬೇಕು. ಮೆಲ್ಲ ಹಿಡಿದರೆ ಹರಳು ಒಡೆಯದೆ ಮೇಲ್ಭಾಗ ನುಣ್ಣಗಾಗಿ ಹೊಳೆಯುತ್ತದೆ, ಬೆಲ್ಟ್ ಹೊಸದಿದ್ದರೂ ಸತ್ತ ಹಾಗೆ. ನನ್ನ ಮೋಟಾರು ನಿಮಿಷಕ್ಕೆ 2880 ಸುತ್ತು, ಎಳೆಯುವ ಚಕ್ರ 100 ಮಿ.ಮೀ. ಆಗಿದ್ದಾಗ ಬೆಲ್ಟ್ ಸೆಕೆಂಡಿಗೆ ಸುಮಾರು 15 ಮೀಟರ್ ಓಡುತ್ತಿತ್ತು. ಚಕ್ರ ಬದಲಿಸಿ 150 ಮಾಡಿದೆ, ಈಗ 22 ದಾಟುತ್ತದೆ. ಅದೇ ಬೆಲ್ಟಿನ ಗುಣವೇ ಬದಲಾಯಿತು. 1440 ಸುತ್ತಿನ ಮೋಟಾರು, ಚಿಕ್ಕ ಚಕ್ರ ಇರುವವರು ಸೆರಾಮಿಕ್‌ಗೆ ದುಡ್ಡು ಹಾಕಬೇಡಿ. ಮೊದಲು ಚಕ್ರಕ್ಕೆ ಹಾಕಿ. 120ರ ಮೇಲೆ ನನಗೆ ಸೆರಾಮಿಕ್ ಬೇಡವೇ ಬೇಡ. ಅಲ್ಲಿ ಕೈ ಹಗುರ ಇರಬೇಕು, ಸಾದಾ ಕಂದು ಬೆಲ್ಟೇ ಸಾಕು. ಹಿಡಿ ಸೇರುವ ಬಾಗಿದ ಜಾಗಕ್ಕೆ ತೆಳು ಬಟ್ಟೆಯ 'ಜೆ ಫ್ಲೆಕ್ಸ್' ಕೇಳಿ ತರಿಸಿ. ದಪ್ಪ ಬೆಲ್ಟ್ ಅಲ್ಲಿ ಬಾಗದೆ ಗೆರೆ ಕೊರೆಯುತ್ತದೆ.

ಗ್ರಿಟ್ ಸಂಖ್ಯೆಯಲ್ಲಿ ನಾನು ಮೂರು ತಿಂಗಳು ಮೋಸ ಹೋದೆ. ಯಾರೂ ಮೋಸ ಮಾಡಿರಲಿಲ್ಲ. ಒಂದು ಕಡೆಯಿಂದ ಬರೀ '400' ಅಂತ ಇದ್ದ ಬೆಲ್ಟ್ ಬಂತು, ಚೆನ್ನಾಗಿತ್ತು. ಮುಂದಿನ ಸಲ ಇನ್ನೊಂದು ಕಡೆಯಿಂದ 'ಪಿ400'. ಅದೇ ಅಂತ ಹಾಕಿದರೆ ಗೀರು ಮೊದಲಿಗಿಂತ ದಪ್ಪ! ಪಿ ಅಕ್ಷರ ಇದ್ದರೆ ಅದು ಯುರೋಪಿನ ಫೆಪಾ ಅಳತೆ, ಪಿ400ರ ಹರಳು ಸುಮಾರು 35 ಮೈಕ್ರಾನ್. ಬರೀ 400 ಅಮೆರಿಕದ ಅಳತೆ ಆಗಿದ್ದರೆ ಹರಳು 23ರ ಆಸುಪಾಸು, ಅಂದರೆ ಹೆಚ್ಚುಕಡಿಮೆ ಪಿ800ಕ್ಕೆ ಸಮ. 60, 80ರಲ್ಲಿ ಎರಡೂ ಹತ್ತಿರ ಹತ್ತಿರ ಇರುವುದರಿಂದ ಗೊತ್ತಾಗುವುದಿಲ್ಲ. 3ಎಂನ ಟ್ರೈಜಾಕ್ಟ್ ಬೆಲ್ಟಿನದು ಇನ್ನೊಂದೇ ಲೆಕ್ಕ. ಅಲ್ಲಿ ಎ45 ಅಂದರೆ 45 ಮೈಕ್ರಾನ್, ಕೆಲಸ ಪಿ400ರದ್ದು. ಸಂಖ್ಯೆ ಕಡಿಮೆ ಆದಷ್ಟೂ ನುಣುಪು. ಒಳ್ಳೆಯ ಬೆಲ್ಟ್, ನಿಧಾನ ಓಡಿಸಿದರೆ ತುಂಬಾ ದಿನ ಬರುತ್ತದೆ. ನನಗೆ ಅದರ ಅಗತ್ಯ ಇಲ್ಲ, ಕೊನೆಗೆ ಹೇಗೂ ಕೈಯಲ್ಲಿ ಎಮರಿ ಪೇಪರ್ ಉಜ್ಜುತ್ತೇನೆ. ಆದರೂ ಎರಡು ತಂದಿಟ್ಟಿದ್ದೇನೆ. ಆಸೆ, ಅಲ್ವಾ.

ಇನ್ನು ನಮ್ಮ ಕಡೆಯವರ ದೊಡ್ಡ ಶತ್ರು, ಮಳೆ. ಬೆಲ್ಟ್ ಇಡಲು ತಯಾರಕರು ಹೇಳುವುದು 18ರಿಂದ 22 ಡಿಗ್ರಿ, ಗಾಳಿಯ ತೇವ 45ರಿಂದ 65 ಶೇಕಡಾ. ಜುಲೈ ತಿಂಗಳ ಸುಳ್ಯದಲ್ಲಿ ಇದನ್ನು ಓದಿದರೆ ನಗು ಬರುತ್ತದೆ. ನಮ್ಮಲ್ಲಿ ಗೋಡೆಯೇ ಬೆವರುತ್ತದೆ. ಹತ್ತಿ ಬಟ್ಟೆಯ ಬೆಲ್ಟ್ ತೇವ ಕುಡಿದು ಅಂಚು ಮುದುಡಿ ದೋಣಿಯಂತಾಗುತ್ತದೆ, ಪ್ಲಾಟೆನ್ (ಬೆಲ್ಟಿನ ಹಿಂದೆ ಆಸರೆಗೆ ಇರುವ ಚಪ್ಪಟೆ ಪಟ್ಟಿ) ಮೇಲೆ ಸಪಾಟಾಗಿ ಕೂರುವುದಿಲ್ಲ. ಮೊದಲ ಮಳೆಗಾಲ ಒಲೆಯ ಮೇಲಿನ ಅಟ್ಟದಲ್ಲಿ ನೇತು ಹಾಕಿದೆ. ಅಡಿಕೆಗೆ ಒಳ್ಳೆಯದಾದದ್ದು ಬೆಲ್ಟಿಗೂ ಆಗಬಹುದು ಅಂತ. ಹೊಗೆ ಹಿಡಿದು ಒಣಗಿ ಗಡಸಾಗಿ ಉಲ್ಟಾ ಬಾಗಿದವು. ಈಗ ಹಳೆಯ ಕಬ್ಬಿಣದ ಕಪಾಟಿನೊಳಗೆ ಒಂದು ಚಿಕ್ಕ ಬಲ್ಬ್ ಉರಿಯುತ್ತದೆ, ದಪ್ಪ ಪಿವಿಸಿ ಪೈಪಿನ ಮೇಲೆ ಬೆಲ್ಟ್ ತೂಗುತ್ತವೆ. ಮೊಳೆಗೆ ಸಿಕ್ಕಿಸಬೇಡಿ, ಮಡಚಿದ ಗೆರೆ ಆಮೇಲೆ ಹೋಗುವುದಿಲ್ಲ.

ಮೂರನೇ ವರ್ಷ ಹತ್ತು ಬೆಲ್ಟಿನ ಒಂದು ಕಟ್ಟು ಬಂತು. ಎರಡು ತಿಂಗಳಲ್ಲಿ ಆರು ಬೆಲ್ಟ್ ಜಾಯಿಂಟಿನಲ್ಲಿ ಕಿತ್ತುಕೊಂಡವು. ಒಂದು ಸಲ ಕಿತ್ತ ತುದಿ ಮೊಣಕೈಗೆ ಬಡಿದು ಬಾಸುಂಡೆ ಎದ್ದಿತು. ಮಾರಿದವರಿಗೆ ಫೋನ್ ಮಾಡಿದರೆ, "ನೀವು ಉಲ್ಟಾ ಓಡಿಸಿರುತ್ತೀರಿ ಸರ್" ಅಂದರು. ಒಂದರ ಮೇಲೊಂದು ಹತ್ತಿಸಿ ಅಂಟಿಸಿದ ಜಾಯಿಂಟಿಗೆ ದಿಕ್ಕು ಇರುತ್ತದೆ, ಒಳಗೆ ಬಾಣದ ಗುರುತು ಇರುತ್ತದೆ, ನಿಜ. ಆದರೆ ಇವು ಎರಡು ತುದಿ ಎದುರುಬದುರು ಇಟ್ಟು ಹಿಂದೆ ಟೇಪ್ ಹಾಕಿದವು. ಅದನ್ನು ಎತ್ತ ಓಡಿಸಿದರೂ ಒಂದೇ. ಬಾಣವೂ ಇರಲಿಲ್ಲ. ಫೋಟೋ ಕಳಿಸಿದ ಮೇಲೆ ಮೂರು ಬೆಲ್ಟ್ ಬದಲಿಸಿ ಕೊಟ್ಟರು, ಉಳಿದ ಮೂರಕ್ಕೆ ಉತ್ತರ ಇಲ್ಲ. ಆವತ್ತಿನಿಂದ ಯಾರ ಹತ್ತಿರವೂ ಮೊದಲ ಸಲ ಎರಡಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ಬಂದ ಕೂಡಲೇ ಜಾಯಿಂಟ್ ಬಗ್ಗಿಸಿ ನೋಡುತ್ತೇನೆ. ಮೊದಲ ಒಂದು ನಿಮಿಷ ಖಾಲಿ ಓಡಿಸಿ ಪಕ್ಕಕ್ಕೆ ನಿಲ್ಲುತ್ತೇನೆ. 'ಟಕ್ ಟಕ್' ಸದ್ದು ಜೋರಾಗಿದ್ದರೆ ಅದು ಮರದ ಕೆಲಸಕ್ಕೆ.

ಎಲ್ಲಿ ಕೊಳ್ಳುವುದು? ಬೆಂಗಳೂರಿಗೆ ಹೋದಾಗ ಎಸ್‌ಜೆಪಿ ರಸ್ತೆಯಲ್ಲಿ ಕೈಯಲ್ಲಿ ಮುಟ್ಟಿ ನೋಡಿ ತರುತ್ತೇನೆ. ಚೆನ್ನೈನ ಕುಮಿ, ಬೆಂಗಳೂರಿನಲ್ಲೇ ಕಾರ್ಖಾನೆ ಇರುವ ಗ್ರೈಂಡ್‌ವೆಲ್ ನಾರ್ಟನ್, ಇವರ ಮಾಲು ಡೀಲರುಗಳ ಹತ್ತಿರ ಸಿಗುತ್ತದೆ. ದೊಡ್ಡ ರೋಲಿನಿಂದ ನಮ್ಮ ಅಳತೆಗೆ ಕತ್ತರಿಸಿ ಜೋಡಿಸಿ ಕೊಡುವವರೂ ಇದ್ದಾರೆ. ಬಣ್ಣ ನೋಡಿ ಮಾತ್ರ ಕೊಳ್ಳಬೇಡಿ. "ಕೆಂಪು ಅಂದ್ರೆ ಸೆರಾಮಿಕ್, ನೀಲಿ ಅಂದ್ರೆ ಜಿರ್ಕೋನಿಯಾ" ಅಂತ ಒಬ್ಬರು ಖಡಾಖಂಡಿತವಾಗಿ ಹೇಳಿದ್ದರು. ಬಣ್ಣ ಅಂಟಿನದ್ದು, ಹರಳಿನದ್ದಲ್ಲ. ಬೆಲ್ಟಿನ ಹಿಂದೆ ಕಂಪನಿ, ಮಾಡೆಲ್ ಸಂಖ್ಯೆ, ಗ್ರಿಟ್ ಅಚ್ಚಾಗಿದೆಯಾ ನೋಡಿ. ಹಿಂಬದಿ ಖಾಲಿ ಇದ್ದರೆ ನಾನು ಕಂದು ಬೆಲ್ಟಿನ ಬೆಲೆಯೇ ಕೊಡುವುದು.

ಹಿಡಿಯ ಮರಕ್ಕೆ ಹೊಸ ಬೆಲ್ಟ್ ಬೇಕಿಲ್ಲ, ಅರ್ಧ ಸವೆದ 80, 120 ಸಾಕು. ಹಲಸಿನ ಮರ ಉಜ್ಜಿದರೆ ಬೇಗ ಪುಡಿ ಕಟ್ಟುತ್ತದೆ. ಅದಕ್ಕೆ ಅಂಗಡಿಯಲ್ಲಿ ರಬ್ಬರ್ ಕಡ್ಡಿ ಮಾರುತ್ತಾರೆ. ನನಗೆ ದುಡ್ಡು ಕೊಡಬೇಕಾಗಿ ಬಂದಿಲ್ಲ. ರಬ್ಬರ್ ಮರದ ಹಾಲು ಹಿಡಿಯುವ ಚಿಪ್ಪಿನಲ್ಲಿ ಒಣಗಿ ಉಳಿದ ಗಟ್ಟಿಯನ್ನು ಓಡುವ ಬೆಲ್ಟಿಗೆ ಹಿಡಿದರೆ ಪುಡಿಯೆಲ್ಲ ಅದಕ್ಕೆ ಅಂಟಿ ಬರುತ್ತದೆ. ಸ್ವಲ್ಪ ವಾಸನೆ, ಅಷ್ಟೇ. ಬೀಟೆ ಮರ ಉಜ್ಜುವಾಗ ಮಾಸ್ಕ್ ಮರೆಯಬೇಡಿ. ಅದರ ಪುಡಿ ಹಲವರಿಗೆ ಅಲರ್ಜಿ, ನನಗೂ ಕುತ್ತಿಗೆ ತುಂಬ ತುರಿಕೆ ಎದ್ದಿತ್ತು. ಉಕ್ಕಿನ ಕಿಡಿ ಬೀಳುವ ಜಾಗದಲ್ಲಿ ಮರದ ಪುಡಿ ಗುಡ್ಡೆಯಾಗಲು ಬಿಡಬೇಡಿ.

ಈಗ ಒಂದು ಕತ್ತಿಗೆ ಸೆರಾಮಿಕ್ 60, ಕಂದು 120, ಜೆ ಫ್ಲೆಕ್ಸ್ ಪಿ220, ಅಷ್ಟೇ. ಮೊದಲು ಏಳು ಗ್ರಿಟ್ ಹಾಕುತ್ತಿದ್ದೆ. 36 ಇರುವುದು ದಪ್ಪ ಪ್ಲೇಟಿನ ಕತ್ತಿ ಬಂದರೆ ಮಾತ್ರ. ಮೇ ತಿಂಗಳ ಕೊನೆಯೊಳಗೆ ನಾಲ್ಕು ತಿಂಗಳಿಗೆ ಬೇಕಾದ್ದನ್ನು ತರಿಸಿ ಕಪಾಟಿಗೆ ಸೇರಿಸುತ್ತೇನೆ. ಮಳೆ ಹಿಡಿದ ಮೇಲೆ ತರಿಸಿದ ಪಾರ್ಸೆಲ್ ಒದ್ದೆಯಾಗದೆ ನಮ್ಮ ಮನೆ ತಲುಪಿದ್ದು ಇವತ್ತಿನವರೆಗೆ ಒಂದೇ ಸಲ.