ಐವತ್ತು ರೂಪಾಯಿ ಉಳಿಸಲು ಹೋಗಿ ಕಳೆದುಕೊಂಡ 1,620 ಯುಎಸ್‌ಡಿಟಿ

ಹಣ ಬಂದದ್ದು ರಾತ್ರಿ 10.40ಕ್ಕೆ. ಹೋದದ್ದು 10.51ಕ್ಕೆ. ನನ್ನ ಮೊಬೈಲ್‌ನ ಕ್ರಿಪ್ಟೊ ವ್ಯಾಲೆಟ್‌ನಲ್ಲಿ ಅದು ಇದ್ದದ್ದು ಬರೀ ಹನ್ನೊಂದು ನಿಮಿಷ. ಆ ಹನ್ನೊಂದು ನಿಮಿಷ ನಾನು ಗಂಜಿ ಊಟ ಮಾಡುತ್ತಿದ್ದೆ.

ನಾನು ಉಡುಪಿಯಲ್ಲಿ ಮನೆಯಲ್ಲೇ ಕೂತು ವಿಡಿಯೊ ಎಡಿಟಿಂಗ್ ಮಾಡುವವನು. ಹೊರದೇಶದ ಕ್ಲೈಂಟ್ ಒಬ್ಬ ಎರಡು ವರ್ಷದಿಂದ ಕೆಲಸ ಕೊಡುತ್ತಿದ್ದಾನೆ. ದುಡ್ಡು ಮಾತ್ರ ಯುಎಸ್‌ಡಿಟಿಯಲ್ಲಿ ಕೊಡುತ್ತೇನೆ ಎಂದ. ಡಾಲರ್ ಬೆಲೆಗೆ ಕಟ್ಟಿದ ಕ್ರಿಪ್ಟೊ ಕಾಯಿನ್ ಅದು, ಬಿಟ್‌ಕಾಯಿನ್ ಥರ ಏರಿಳಿತ ಇಲ್ಲ. ನಮ್ಮ ಆಡಿಟರ್ "ಬೇಡ ಮಾರಾಯ್ರೆ, ಬ್ಯಾಂಕಿಗೇ ಹಾಕಿಸಿಕೊಳ್ಳಿ, ಲೆಕ್ಕ ಕೊಡಲಿಕ್ಕೆ ಸುಲಭ" ಅಂದಿದ್ದರು. ನಾನು ಕೇಳಲಿಲ್ಲ. ಅವರ ಮಾತು ಕೇಳದೆ ಇದ್ದದ್ದು ಇದೇ ಮೊದಲೇನೂ ಅಲ್ಲ, ಅದು ಬೇರೆ ವಿಷಯ.

ವ್ಯಾಲೆಟ್ ಆ್ಯಪ್ ಆರಿಸುವಾಗ ನಾನು ನೋಡಿದ್ದು ಎರಡೇ: ಪ್ಲೇ ಸ್ಟೋರ್‌ನಲ್ಲಿ ಎಷ್ಟು ಸ್ಟಾರ್ ಉಂಟು, ನೋಡಲು ಚಂದ ಉಂಟಾ. ಎರಡೂ ಇತ್ತು. ಅದರ ಹೆಸರು ಇಲ್ಲಿ ಬರೆಯುವುದಿಲ್ಲ. ಅದು ಕಳ್ಳ ಆ್ಯಪ್ ಅಲ್ಲ, ನನ್ನಲ್ಲಿ ಒಂದು ಪೈಸೆ ಕದ್ದಿಲ್ಲ. ಆದರೆ ಕಳ್ಳ ಬಾಗಿಲಿಗೆ ಬಂದಾಗ "ಬಂದವರು ಯಾರು" ಅಂತ ನನಗೆ ಹೇಳಲೂ ಇಲ್ಲ. ವ್ಯಾಲೆಟ್ ಆರಿಸುವಾಗ ನೋಡಬೇಕಾದದ್ದು ಅದನ್ನೇ ಅಂತ ನನಗೆ ಆಮೇಲೆ ಗೊತ್ತಾಯಿತು.

ಹನ್ನೆರಡು ಪದಗಳ ವಿಷಯದಲ್ಲಿ ನಾನು ಬಹಳ ಜಾಗ್ರತೆ ಮಾಡಿದ್ದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ವ್ಯಾಲೆಟ್ ಶುರು ಮಾಡುವಾಗ ಅದು 12 ಅಥವಾ 24 ಇಂಗ್ಲಿಷ್ ಪದ ತೋರಿಸುತ್ತದೆ. 2,048 ಪದಗಳ ಒಂದು ಪಟ್ಟಿಯಿಂದ ಆರಿಸಿದ್ದು. ಅದೇ ಸೀಡ್ ಫ್ರೇಸ್. ಮೊಬೈಲ್ ಹೊಳೆಗೆ ಬಿದ್ದರೂ ಆ ಪದಗಳಿದ್ದರೆ ಬೇರೆ ಮೊಬೈಲ್‌ನಲ್ಲಿ ಹಣ ಸಿಗುತ್ತದೆ. ಹಾಗೆಯೇ ಬೇರೆಯವರ ಕೈಗೆ ಸಿಕ್ಕಿದರೆ ಹಣ ಅವರದ್ದು. ನಾನು ಫೋಟೊ ತೆಗೆದಿರಲಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಹಾಕಿರಲಿಲ್ಲ. ಚೀಟಿಯಲ್ಲಿ ಬರೆದು, ಮಕ್ಕಳ ಜಾತಕದ ಜೊತೆ ಗೋದ್ರೇಜ್ ಕಪಾಟಿನಲ್ಲಿ ಇಟ್ಟಿದ್ದೆ. ಹಾಗಾಗಿ ನನ್ನ ಹಣಕ್ಕೆ ಎಂತದ್ದೂ ಆಗಲಿಕ್ಕಿಲ್ಲ ಎಂಬ ಧೈರ್ಯ ಇತ್ತು.

ಹಣ ಹೋಗುವ ಹತ್ತು ದಿನ ಮೊದಲಿನ ಕಥೆ ಈಗ ಹೇಳುತ್ತೇನೆ. ಆಟಿ ತಿಂಗಳು, ಹೊರಗೆ ಧೋ ಅಂತ ಮಳೆ. ಈಥೀರಿಯಂ ನೆಟ್‌ವರ್ಕ್‌ನಲ್ಲಿ ಯುಎಸ್‌ಡಿಟಿ ಕಳಿಸಬೇಕಾದರೆ ಫೀ ಕಟ್ಟಬೇಕು. ಅದನ್ನು ಗ್ಯಾಸ್ ಅನ್ನುತ್ತಾರೆ. ಆ ಫೀ ಯುಎಸ್‌ಡಿಟಿಯಲ್ಲಿ ಅಲ್ಲ, ಆ ನೆಟ್‌ವರ್ಕ್‌ನದ್ದೇ ಕಾಯಿನ್ ಆದ ಈಥರ್‌ನಲ್ಲಿ ಹೋಗುತ್ತದೆ. ನನ್ನಲ್ಲಿ ಈಥರ್ ಮುಗಿಯುತ್ತಾ ಬಂದಿತ್ತು. ವ್ಯಾಲೆಟ್‌ನಲ್ಲಿ ಇದ್ದದ್ದು 75 ಯುಎಸ್‌ಡಿಟಿ, ಅದರಲ್ಲಿ 60 ಕೊಟ್ಟು ಈಥರ್ ಮಾಡಿಕೊಳ್ಳುವ ಎಂದುಕೊಂಡೆ. ಆ್ಯಪ್‌ನ ಒಳಗೇ ಸ್ವಾಪ್ ಬಟನ್ ಇತ್ತು. ಒತ್ತಿದರೆ ಅವರ ಕಮಿಷನ್ ಶೇಕಡಾ ಒಂದರ ಹತ್ತಿರ. ಅಂದರೆ ಐವತ್ತು ರೂಪಾಯಿ ಚಿಲ್ಲರೆ. ಸುಮ್ನೆ ಯಾಕೆ ಕೊಡುವುದು ಅಂತ ಗೂಗಲ್‌ನಲ್ಲಿ ಒಂದು ಹೆಸರುವಾಸಿ ಸ್ವಾಪ್ ಸೈಟ್ ಹುಡುಕಿದೆ. ಮೊದಲು ಬಂದದ್ದನ್ನು ಒತ್ತಿದೆ. ಅದರ ಮೇಲೆ ಸಣ್ಣ ಅಕ್ಷರದಲ್ಲಿ "ಸ್ಪಾನ್ಸರ್ಡ್" ಅಂತ ಇತ್ತು. ಜಾಹೀರಾತು. ಹೆಸರಲ್ಲಿ ಒಂದು ಅಕ್ಷರ ಜಾಸ್ತಿ ಇತ್ತಂತೆ. ನನ್ನ ಕಣ್ಣಿಗೆ ಬೀಳಲಿಲ್ಲ.

ಸೈಟ್ ಅಚ್ಚು ಹಾಕಿದ ಹಾಗೆ ಅಸಲಿಯಂತೆಯೇ ಇತ್ತು. 60 ಹಾಕಿದೆ. "ಅಪ್ರೂವ್" ಬಂತು. ಒತ್ತಿದೆ. ನನ್ನ ಚಂದದ ವ್ಯಾಲೆಟ್ ಒಂದು ಉದ್ದದ ಸಂಖ್ಯೆ ತೋರಿಸಿತು, 1157920892 ಅಂತ ಶುರುವಾಗಿ ಪರದೆಯ ಆಚೆಗೂ ಹೋಗುವಂಥದ್ದು. ಅದರ ಕೆಳಗೆ ನೀಲಿ ಬಣ್ಣದ "ಕನ್‌ಫರ್ಮ್". ಏನೋ ಟೆಕ್ನಿಕಲ್ ನಂಬರ್ ಇರಬೇಕು ಎಂದುಕೊಂಡೆ. ಆ ಬಟನ್ ಇಷ್ಟು ದೊಡ್ಡದಿರುವಾಗ ಆ ಸಂಖ್ಯೆ ಯಾರು ಓದುತ್ತಾರೆ ಹೇಳಿ? ಸ್ವಾಪ್ ಆಯಿತು. ಈಥರ್ ಸರಿಯಾಗಿಯೇ ಬಂತು, ಲೆಕ್ಕವೂ ಸರಿ. ಮೋಸ ಆಗಿದ್ದರೆ ಅವತ್ತೇ ಗೊತ್ತಾಗುತ್ತಿತ್ತಲ್ಲ ಅಂತ ನೀವೂ ಅಂದುಕೊಳ್ಳುತ್ತೀರಿ. ನಾನೂ ಹಾಗೇ ಅಂದುಕೊಂಡೆ.

ಆ ಸೈಟ್ ಮಾಡಿದ ಕಳ್ಳ ಕಾಯುತ್ತಿದ್ದ. ಉಳಿದ 15 ಯುಎಸ್‌ಡಿಟಿಯನ್ನು ಮುಟ್ಟಲಿಲ್ಲ. ಹತ್ತು ದಿನ ಕಳೆದು ಕ್ಲೈಂಟ್‌ನ 1,620 ಯುಎಸ್‌ಡಿಟಿ, ಹತ್ತಿರ ಹತ್ತಿರ 1 ಲಕ್ಷ 40 ಸಾವಿರ ರೂಪಾಯಿ, ಬಂದು ಬಿದ್ದ ಕೂಡಲೇ ಎಲ್ಲ ಸೇರಿಸಿ ಎಳೆದುಕೊಂಡ. ಮನುಷ್ಯರು ಕೂತು ನೋಡುವುದಿಲ್ಲ, ಪ್ರೋಗ್ರಾಂ ನೋಡುತ್ತಿರುತ್ತದೆ.

ಕೈಕಾಲು ತಣ್ಣಗಾಗುವುದು ಅಂದರೆ ಏನು ಅಂತ ಅವತ್ತು ಗೊತ್ತಾಯಿತು. ಆ ಗಾಬರಿಯಲ್ಲಿ ನಾನು ಎರಡನೇ ತಪ್ಪು ಮಾಡಲು ಹೊರಟೆ. ಟೆಲಿಗ್ರಾಂನ ಒಂದು ಗುಂಪಿನಲ್ಲಿ "ಹಣ ಹೋಗಿದೆ, ಸಹಾಯ ಮಾಡಿ" ಅಂತ ಬರೆದೆ. ಎರಡು ನಿಮಿಷದಲ್ಲಿ ಮೂವರು ಮೆಸೇಜ್ ಮಾಡಿದರು. ಮೂವರದ್ದೂ ವ್ಯಾಲೆಟ್ ಕಂಪನಿಯ ಲೋಗೊ, ಮೂವರೂ "ಸಪೋರ್ಟ್". ಒಬ್ಬ ಲಿಂಕ್ ಕಳಿಸಿದ. ವ್ಯಾಲೆಟ್ "ಸಿಂಕ್" ತಪ್ಪಿದೆ, ಸರಿ ಮಾಡಿದರೆ ಹಣ ವಾಪಸ್ ಕಾಣುತ್ತದೆ ಎಂದ. ತೆರೆದರೆ ಹನ್ನೆರಡು ಖಾಲಿ ಚೌಕಗಳು.

ನಾನು ಕಪಾಟು ತೆಗೆದು ಚೀಟಿ ತಂದೆ. ಹೌದು, ತಂದೆ. ಬೈಯಬೇಕಾದರೆ ಬೈಯಿರಿ. ನಾಲ್ಕನೇ ಪದ ಹಾಕುವಾಗ ಹೆಂಡತಿ ಹಿಂದೆ ಬಂದು ನಿಂತಳು.

"ಆ ಚೀಟಿ ಯಾಕೆ ಹೊರಗೆ ತೆಗ್ದದ್ದು?"

"ಸಪೋರ್ಟ್‌ನವರು ಕೇಳಿದ್ದಾರೆ."

"ದೇವರು ಬಂದು ಕೇಳಿದ್ರೂ ಕೊಡ್ಬಾರ್ದು ಅಂತ ನೀವೇ ಹೇಳಿದ್ರಲ್ಲ?"

ಅವಳಿಗೆ ಕ್ರಿಪ್ಟೊ ಅಂದರೆ ಏನು ಅಂತ ಇವತ್ತಿಗೂ ಗೊತ್ತಿಲ್ಲ. ಆದರೆ ನಾನು ಹೇಳಿದ್ದು ನನಗಿಂತ ಚೆನ್ನಾಗಿ ನೆನಪಿತ್ತು. ಸೈಟ್ ಮುಚ್ಚಿದೆ.

ಮರುದಿನ ಬೆಳಿಗ್ಗೆ ಅಕ್ಕನ ಮಗನಿಗೆ ಫೋನ್ ಮಾಡಿದೆ. ಸುರತ್ಕಲ್‌ನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ. ಮಧ್ಯಾಹ್ನದ ಒಳಗೆ ಬಸ್ ಹತ್ತಿ ಬಂದ. ಕೊಡೆ ಮಡಚುವ ಮೊದಲೇ ಅವನು ಕೇಳಿದ್ದು ಒಂದೇ ಪ್ರಶ್ನೆ.

"ಮಾಮ, ಈಥರ್ ಹೋಗಿಲ್ಲ ಅಲ್ವಾ?"

ಹೋಗಿರಲಿಲ್ಲ. ಎಷ್ಟಿತ್ತೋ ಅಷ್ಟೇ ಉಂಟು.

"ಹಾಗಾದ್ರೆ ನಿಮ್ಮ ಪದ ಹೊರಗೆ ಹೋಗಿಲ್ಲ. ಪದ ಸಿಕ್ಕಿದವ ಈಥರ್ ಯಾಕೆ ಬಿಡ್ತಾನೆ? ನೀವೇ ಎಲ್ಲೋ ಅಪ್ರೂವ್ ಕೊಟ್ಟಿದ್ದೀರಿ."

ಈಥರ್‌ಸ್ಕ್ಯಾನ್ ತೆರೆದು ತೋರಿಸಿದ. ಈಥೀರಿಯಂನ ಪ್ರತಿ ವ್ಯವಹಾರವೂ ಅಲ್ಲಿ ಯಾರು ಬೇಕಾದರೂ ನೋಡುವ ಹಾಗೆ ಇರುತ್ತದೆ. ನನ್ನ ಹಣ ಎಳೆದ ವ್ಯವಹಾರವನ್ನು ಶುರು ಮಾಡಿದ್ದು ನನ್ನ ಅಡ್ರೆಸ್, ಅಂದರೆ ನನ್ನ ವ್ಯಾಲೆಟ್‌ನ ಖಾತೆ ಸಂಖ್ಯೆ, ಅಲ್ಲ. ಫೀ ಕಟ್ಟಿದ್ದೂ ನಾನಲ್ಲ. ಬೇರೆ ಯಾರೋ ಫೀ ಕಟ್ಟಿ, ನನ್ನ ಖಾತೆಯಿಂದ ಎಳೆದಿದ್ದಾರೆ. ಹಾಗೆ ಎಳೆಯಲು ಅನುಮತಿ ಹತ್ತು ದಿನ ಹಿಂದಿನದ್ದು, ನನ್ನ ಹೆಬ್ಬೆರಳಿನದ್ದೇ.

ಅಪ್ರೂವಲ್ ಅಂದರೆ ಏನು ಅಂತ ಅವನು ವಿವರಿಸಿದ ರೀತಿಯಲ್ಲೇ ಹೇಳುತ್ತೇನೆ. ಸಾಲದ ಕಂತಿಗೆ ಬ್ಯಾಂಕಿನಲ್ಲಿ ಆಟೊ ಡೆಬಿಟ್‌ಗೆ ಸಹಿ ಹಾಕಿ ಕೊಡುತ್ತೇವಲ್ಲ, ಅದೇ ಥರ. ಯುಎಸ್‌ಡಿಟಿಯಂಥ ಟೋಕನ್ ಸ್ವಾಪ್ ಮಾಡುವಾಗ, ಸೈಟ್‌ನ ಕಾಂಟ್ರಾಕ್ಟ್‌ಗೆ, ಅಂದರೆ ಅದರ ಪ್ರೋಗ್ರಾಂಗೆ, "ನನ್ನ ಟೋಕನ್ ಇಷ್ಟು ತೆಗೆದುಕೊಳ್ಳಬಹುದು" ಅಂತ ಮೊದಲು ಅನುಮತಿ ಕೊಡಬೇಕು. ಅಸಲಿ ಸೈಟ್‌ಗೂ ಹೀಗೆಯೇ. ಎಷ್ಟು ಅಂತ ನಾವು ಹೇಳಬಹುದು. ಆ 1157920892 ಅಂತ ಶುರುವಾಗುವ 78 ಅಂಕಿಯ ಸಂಖ್ಯೆ ಇದೆಯಲ್ಲ, ಅದು ಅಲ್ಲಿ ಹಾಕಲು ಸಾಧ್ಯವಿರುವ ಅತಿ ದೊಡ್ಡ ಸಂಖ್ಯೆ. ಅಂದರೆ ಮಿತಿ ಇಲ್ಲ. ಅವಧಿಯೂ ಇಲ್ಲ. ಇವತ್ತು ಇರುವುದಕ್ಕೆ ಮಾತ್ರ ಅಲ್ಲ, ನಾಳೆ ಬರುವುದಕ್ಕೂ ಸೇರಿಸಿ ಕೊಟ್ಟ ಸಹಿ. ಬೇಕಾದದ್ದು 60, ಕೊಟ್ಟದ್ದು ಲೆಕ್ಕವಿಲ್ಲದಷ್ಟು.

ಇನ್ನೊಂದು ಸಂಗತಿ ನನಗೆ ನಿಜವಾಗಿ ಸಿಟ್ಟು ತರಿಸಿತು. ಸ್ವಾಪ್ ಮುಗಿದ ಮೇಲೆ ನಾನು ಆ ಸೈಟ್‌ನಿಂದ "ಡಿಸ್‌ಕನೆಕ್ಟ್" ಮಾಡಿದ್ದೆ. ಅದರಿಂದ ಏನೂ ಪ್ರಯೋಜನ ಇಲ್ಲ. ಡಿಸ್‌ಕನೆಕ್ಟ್ ಮಾಡಿದರೆ ಸೈಟ್‌ಗೆ ನಿಮ್ಮ ವ್ಯಾಲೆಟ್ ಕಾಣುವುದು ನಿಲ್ಲುತ್ತದೆ ಅಷ್ಟೆ. ಅಪ್ರೂವಲ್ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಈಥೀರಿಯಂನ ಲೆಕ್ಕದ ಪುಸ್ತಕದಲ್ಲಿ, ಹಾಗೇ ಕೂತಿರುತ್ತದೆ. ಅದನ್ನು ಬೇರೆಯಾಗಿ ರದ್ದು ಮಾಡಬೇಕು, ಅದಕ್ಕೂ ಸ್ವಲ್ಪ ಗ್ಯಾಸ್ ಕಟ್ಟಬೇಕು. ಈಥರ್‌ಸ್ಕ್ಯಾನ್‌ನಲ್ಲೇ ಟೋಕನ್ ಅಪ್ರೂವಲ್ ನೋಡುವ ಪುಟ ಉಂಟು. ರಿವೋಕ್ ಡಾಟ್ ಕ್ಯಾಶ್ (revoke.cash) ಅಂತ ಒಂದು ಸೈಟ್ ಉಂಟು. ಅಡ್ರೆಸ್ ಬಾರ್‌ನಲ್ಲಿ ನೀವೇ ಟೈಪ್ ಮಾಡಿ ಹೋಗಿ, ಹುಡುಕಿ ಹೋಗಬೇಡಿ. ನನ್ನದನ್ನು ನೋಡಿದರೆ ಆರು ಅಪ್ರೂವಲ್ ಬಾಗಿಲು ತೆರೆದು ಕೂತಿತ್ತು. ಮೂರು ಯಾವುದಕ್ಕೆ ಕೊಟ್ಟದ್ದು ಅಂತಲೇ ನೆನಪಿಲ್ಲ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ, ಸೈಬರ್‌ಕ್ರೈಂ ಪೋರ್ಟಲ್‌ನಲ್ಲಿ ದೂರು ಹಾಕಿದೆ, ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೂ ಹೋದೆ. ಟ್ರಾನ್ಸಾಕ್ಷನ್ ಹ್ಯಾಶ್ (ವ್ಯವಹಾರದ ಗುರುತು ಸಂಖ್ಯೆ), ಎರಡೂ ಅಡ್ರೆಸ್, ಸ್ಕ್ರೀನ್‌ಶಾಟ್ ಎಲ್ಲ ಪ್ರಿಂಟ್ ತೆಗೆದುಕೊಂಡು ಹೋಗಿ, ಕೆಲಸ ಬೇಗ ಆಗುತ್ತದೆ. ಬ್ಯಾಂಕ್ ಮೋಸ ಆದರೆ ಬೇಗ ಹೇಳಿದಷ್ಟೂ ಖಾತೆ ತಡೆ ಹಿಡಿಯುವ ಅವಕಾಶ ಇರುತ್ತದೆ. ಇಲ್ಲಿ ತಡೆಯಲಿಕ್ಕೆ ಬ್ಯಾಂಕೇ ಇಲ್ಲ. ಯುಎಸ್‌ಡಿಟಿ ಹೊರತರುವ ಟೆದರ್ ಕಂಪನಿ ಒಂದು ಅಡ್ರೆಸ್‌ನಲ್ಲಿರುವ ಯುಎಸ್‌ಡಿಟಿಯನ್ನು ಸ್ತಂಭನ ಮಾಡಬಹುದು, ಅದು ನಿಜ. ಆದರೆ ನನ್ನ ಕಳ್ಳ ಕೆಲವೇ ನಿಮಿಷದಲ್ಲಿ ಅದನ್ನು ಈಥರ್ ಮಾಡಿದ್ದ. ಈಥರ್ ತಡೆಯುವವರು ಯಾರೂ ಇಲ್ಲ. ದೂರು ಕೊಟ್ಟ ಮೇಲೆ "ಹಣ ವಾಪಸ್ ತೆಗೆದುಕೊಡುತ್ತೇವೆ, ಮೊದಲು ಇಷ್ಟು ಫೀ ಕಟ್ಟಿ" ಅಂತ ಇನ್ನೊಂದು ಥರದ ಮೋಸಗಾರರು ಬರುತ್ತಾರೆ. ನನಗೆ ನಾಲ್ಕು ಜನ ಬಂದರು. ಅವರ ಬಗ್ಗೆ ಬರೆಯಲು ನನಗೆ ತಾಳ್ಮೆ ಇಲ್ಲ.

ಈಗ ವ್ಯಾಲೆಟ್ ವಿಷಯ. ಸ್ಟಾರ್ ನೋಡುವುದು ಬಿಟ್ಟಿದ್ದೇನೆ. ಸಹಿ ಹಾಕುವ ಮೊದಲು ಅದು ಏನು ತೋರಿಸುತ್ತದೆ ಅಂತ ನೋಡುತ್ತೇನೆ. ಮೆಟಾಮಾಸ್ಕ್ ಎಂಬ ವ್ಯಾಲೆಟ್‌ನಲ್ಲಿ ಅಪ್ರೂವ್ ಕೇಳಿದಾಗ "ಸ್ಪೆಂಡಿಂಗ್ ಕ್ಯಾಪ್", ಅಂದರೆ ಖರ್ಚಿನ ಮಿತಿ, ಅಂತ ಬರುತ್ತದೆ, ಅದನ್ನು ತಿದ್ದಬಹುದು. 60 ಬೇಕಾದರೆ 60 ಅಂತ ಹಾಕಬಹುದು. ಇದು ಒತ್ತಿದರೆ ನಿಮ್ಮ ಖಾತೆಯಿಂದ ಏನು ಹೋಗುತ್ತದೆ, ಏನು ಬರುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ತೋರಿಸುವ ವ್ಯಾಲೆಟ್‌ಗಳೂ ಇವೆ. ರ‍್ಯಾಬಿ ಅಂಥದ್ದು. ಅರ್ಥವಾಗದ ಸಂಖ್ಯೆ ತೋರಿಸಿ ಕನ್‌ಫರ್ಮ್ ಅನ್ನುವ ವ್ಯಾಲೆಟ್ ಎಷ್ಟು ಚಂದ ಇದ್ದರೂ ಬೇಡ. ಇನ್ನು ಕೆಲವು ಸೈಟ್‌ಗಳು ಗ್ಯಾಸ್ ಇಲ್ಲದ "ಬರೀ ಒಂದು ಸೈನ್" ಕೇಳುತ್ತವೆ. ಫೀ ಇಲ್ಲ ಅಂದ ಮಾತ್ರಕ್ಕೆ ಅದು ನಿರುಪದ್ರವಿ ಅಲ್ಲ. ಅಂಥ ಸೈನ್‌ನಿಂದಲೂ ಟೋಕನ್ ಎಳೆಯುವ ಅನುಮತಿ ಕೊಡಬಹುದು.

ಎರಡು ವ್ಯಾಲೆಟ್ ಮಾಡಿದ್ದೇನೆ, ಬೇರೆ ಬೇರೆ ಸೀಡ್ ಇರುವಂಥದ್ದು. ಒಂದರಲ್ಲಿ ಹಣ ಇರುತ್ತದೆ, ಅದು ಯಾವ ಸೈಟ್‌ಗೂ ಕನೆಕ್ಟ್ ಆಗುವುದಿಲ್ಲ. ಇನ್ನೊಂದು ಕೈಚೀಲದ ಹಾಗೆ. ಸ್ವಾಪ್ ಮಾಡಬೇಕಾದರೆ ಬೇಕಾದಷ್ಟು ಮಾತ್ರ ಅದಕ್ಕೆ ಹಾಕುತ್ತೇನೆ. ಮಲ್ಪೆ ಬಂದರಿಗೆ ಬಂಗುಡೆ ತರಲು ಹೋಗುವವರು ಕಪಾಟಿನ ಚಿನ್ನ ಹಿಡಿದುಕೊಂಡು ಹೋಗುತ್ತಾರಾ?

"ಲೆಡ್ಜರ್, ಟ್ರೆಜರ್ ತೆಗೆದುಕೊಂಡಿದ್ದರೆ ಹೀಗಾಗುತ್ತಿರಲಿಲ್ಲ" ಅಂತ ಒಬ್ಬ ಗೆಳೆಯ ಹೇಳಿದ. ಅವು ಹಾರ್ಡ್‌ವೇರ್ ವ್ಯಾಲೆಟ್, ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರ. ಒಳ್ಳೆಯದೇ, ಕೀ (ಸಹಿ ಹಾಕುವ ಗುಟ್ಟಿನ ಸಂಖ್ಯೆ) ಅದರ ಒಳಗೇ ಇರುತ್ತದೆ, ಕಂಪ್ಯೂಟರ್‌ಗೆ ವೈರಸ್ ಬಂದರೂ ಕೀ ಸಿಗುವುದಿಲ್ಲ. ಆದರೆ ನನ್ನ ಕೇಸ್‌ನಲ್ಲಿ ಅದೂ ಉಳಿಸುತ್ತಿರಲಿಲ್ಲ. ಅದರಲ್ಲೂ ನಾನು ಬಟನ್ ಒತ್ತಿ ಅದೇ ಅಪ್ರೂವಲ್ ಕೊಡುತ್ತಿದ್ದೆ. ತೆಗೆದುಕೊಳ್ಳುವುದಾದರೆ ಕಂಪನಿಯಿಂದಲೇ ತೆಗೆದುಕೊಳ್ಳಿ, ಸೆಕೆಂಡ್ ಹ್ಯಾಂಡ್ ಬೇಡ. ಡಬ್ಬದ ಒಳಗೆ ಪದಗಳನ್ನು ಮೊದಲೇ ಬರೆದ ಕಾರ್ಡ್ ಇದ್ದರೆ ಅದು ಮೋಸ. ಪದಗಳು ನಿಮ್ಮ ಎದುರೇ, ಆ ಯಂತ್ರದ ಪರದೆಯಲ್ಲೇ ಹುಟ್ಟಬೇಕು.

ಇಷ್ಟೆಲ್ಲ ರಗಳೆ ಬೇಡ, ಕ್ರಿಪ್ಟೊ ಕೊಳ್ಳುವ, ಮಾರುವ ಎಕ್ಸ್‌ಚೇಂಜ್‌ನಲ್ಲೇ ಇಟ್ಟರಾಯಿತು ಅನ್ನುವವರೂ ಇದ್ದಾರೆ. ತಿಂಗಳಿಗೆ ಸಾವಿರ, ಎರಡು ಸಾವಿರ ಹಾಕುವವರಿಗೆ, ಕೇಂದ್ರ ಸರ್ಕಾರದ ಹಣಕಾಸು ಗುಪ್ತಚರ ಘಟಕದಲ್ಲಿ (ಎಫ್‌ಐಯು) ನೋಂದಣಿಯಾದ ಎಕ್ಸ್‌ಚೇಂಜ್ ಆದರೆ, ಅದೇ ಸುಲಭ ಇರಬಹುದು. ಆದರೆ ಅಲ್ಲಿ ಕೀ ಅವರದ್ದು. 2024ರ ಜುಲೈ 18ರಂದು ವಜೀರ್‌ಎಕ್ಸ್ ಎಂಬ ಎಕ್ಸ್‌ಚೇಂಜ್‌ನ ಒಂದು ವ್ಯಾಲೆಟ್‌ನಿಂದ 23 ಕೋಟಿ ಡಾಲರ್‌ಗೂ ಜಾಸ್ತಿ ಹೋಯಿತು, ಗ್ರಾಹಕರು ಹಣ ತೆಗೆಯಲಾಗದೆ ತಿಂಗಳುಗಟ್ಟಲೆ ಕಾದರು.

ತೆರಿಗೆಯ ಬಗ್ಗೆಯೂ ಒಂದು ಮಾತು, ಯಾಕೆಂದರೆ ಇದು ಯಾರೂ ಹೇಳುವುದಿಲ್ಲ. 2022ರ ಏಪ್ರಿಲ್‌ನಿಂದ ಕ್ರಿಪ್ಟೊ ಲಾಭಕ್ಕೆ ಶೇ 30 ತೆರಿಗೆ. ಒಂದು ಕಾಯಿನ್ ಕೊಟ್ಟು ಇನ್ನೊಂದು ತೆಗೆದುಕೊಂಡರೂ ಅದು ಮಾರಾಟದ ಲೆಕ್ಕವೇ. ನಷ್ಟವನ್ನು ಬೇರೆ ಆದಾಯದಲ್ಲಿ ಕಳೆಯಲು ಬಿಡುವುದಿಲ್ಲ. ಆಡಿಟರ್ ಹತ್ತಿರ ಕಳವಿನ ವಿಷಯ ಹೇಳಿದಾಗ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಮಳೆ ನೋಡಿದರು. "ನಾನು ಹೇಳಿದ್ದೆ" ಅಂತ ಅನ್ನಲಿಲ್ಲ. ಅದಕ್ಕೆ ನಾನು ಋಣಿ.

ನಾಲ್ಕು ಪದ ಅವರ ಸೈಟ್‌ಗೆ ಹೋಗಿದ್ದರಿಂದ ಆ ಹಳೆ ವ್ಯಾಲೆಟ್ ಬಿಟ್ಟೆ. ಉಳಿದ ಈಥರ್ ಹೊಸದಕ್ಕೆ ಸಾಗಿಸಿದೆ. ಬಾಕಿ ಎಂಟು ಪದ ಊಹಿಸಲು ಯಾರಿಂದಲೂ ಆಗದು ಅಂತ ಅಕ್ಕನ ಮಗ ಹೇಳಿದ, ಆದರೂ ನನಗೆ ನಿದ್ದೆ ಬರಬೇಕಲ್ಲ. ಕ್ಲೈಂಟ್‌ನ ಈ ತಿಂಗಳ ದುಡ್ಡು ಬ್ಯಾಂಕಿಗೇ ಬಂತು. ಮೂರು ದಿನ ಹಿಡಿಯಿತು, ಚಾರ್ಜ್ ಕೂಡ ಹಾಕಿದರು. ಹೊಸ ಚೀಟಿ ಅದೇ ಕಪಾಟಿನಲ್ಲಿ, ಅದೇ ಜಾತಕದ ಜೊತೆ ಉಂಟು. ಕಪಾಟಿನ ಕೀ ಮಾತ್ರ ಈಗ ಹೆಂಡತಿ ಹತ್ತಿರ. ಕೇಳಿದರೆ ಕೊಡುತ್ತಾಳೆ, ಆದರೆ ಯಾಕೆ ಅಂತ ಮೊದಲು ಕೇಳುತ್ತಾಳೆ.